ದೂರದ ಸೂತಕದ ಮನೆಗೆ ಬೀಸಿದ ಹಿಟ್ಟು

ಉದ್ದನಪಲ್ಲಿಯಲ್ಲಿ ಇನ್ನೂ ಕೋಳಿ ಕೂಗಿಲ್ಲ. ಸೀಮೆಎಣ್ಣೆ ಸಿಗದ ಈ ಯುದ್ಧಕಾಲದಲ್ಲಿ ದೀಪ ಹಚ್ಚುವ ಮಾತೇ ಇಲ್ಲ. ಅಂಜಮ್ಮ ಕತ್ತಲಲ್ಲೇ ರಾಗಿಕಲ್ಲಿನ ಮುಂದೆ ಕಾಲು ಚಾಚಿ ಕೂತಿದ್ದಾರೆ. ಬಲಗೈ ಗೂಟ ಹಿಡಿದು ಕಲ್ಲು ತಿರುಗಿಸುತ್ತದೆ, ಎಡಗೈ ಮೊರದಿಂದ ಹಿಡಿ ರಾಗಿ ತೆಗೆದು ಕಲ್ಲಿನ ಬಾಯಿಗೆ ಹಾಕುತ್ತದೆ. ಬೆಂಗಳೂರಿನಿಂದ ಬಂದು ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿರುವ ನನಗೆ ಕಾಣುವುದು ಮಸುಕು ಆಕಾರವಷ್ಟೇ. ಗರಗರ ಸದ್ದು ಕೇಳುತ್ತದೆ, ಹೊಸ ಹಿಟ್ಟಿನ ವಾಸನೆ ಬರುತ್ತದೆ, ನಾಚಿಕೆಯಿಲ್ಲದೆ ಹಸಿವಾಗುತ್ತದೆ.

“ಇದು ಪಾಪಯ್ಯನೋರ ಮನೇಗೆ,” ಎನ್ನುತ್ತಾರೆ ಅಂಜಮ್ಮ, ಕೈ ನಿಲ್ಲಿಸದೆ. “ಅವ್ರಮ್ಮ ಮೊನ್ನೆ ತೀರ್ಕೊಂಡ್ರು. ಆ ಮನೇಲಿ ಈಗ ಕಲ್ಲು ತಿರುಗ್ಸಂಗಿಲ್ಲ.”

ಇದು ಈ ಊರಿನ ಪದ್ಧತಿ. ಸೂತಕ ಕಳೆಯುವವರೆಗೂ ಸತ್ತವರ ಮನೆಯಲ್ಲಿ ಬೀಸುವುದಿಲ್ಲ, ಕುಟ್ಟುವುದಿಲ್ಲ. ಆ ಮನೆಗೆ ಯಾರೂ ಕಾಳು ಕೊಡುವುದಿಲ್ಲ. ಕಾಳು ಕೊಡುವುದೆಂದರೆ ಅಳುತ್ತಿರುವವರಿಗೆ ಇನ್ನೊಂದು ಕೆಲಸ ಹಚ್ಚಿದ ಹಾಗೆ. ಹಿಟ್ಟೇ ಕೊಡಬೇಕು. ಆ ಹಿಟ್ಟು ಬೀಸುವವರು ಅಂಜಮ್ಮ. ಉಳಿದ ಮನೆಗಳಲ್ಲಿ ಬೀಸಿದ್ದಕ್ಕೆ ಕೂಲಿಯಾಗಿ ರಾಗಿ ಪಡೆಯುತ್ತಾರೆ, ಈ ಹಿಟ್ಟಿಗೆ ಏನನ್ನೂ ಪಡೆಯುವುದಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಪಾಪಯ್ಯನ ಮನೆ ಬಾಗಿಲಲ್ಲಿ ಹಿಟ್ಟಿನ ಗಡಿಗೆ ಇಟ್ಟು, ಕೂಗದೆ, ಬಾಗಿಲು ಬಡಿಯದೆ ಹಿಂದಿರುಗುತ್ತಾರೆ. “ಅತ್ತತ್ತು ಮಲಗಿರ್ತಾರೆ, ಯಾಕೆ ಎಬ್ಬಿಸ್ಬೇಕು? ಎದ್ದೋರು ನೋಡ್ಕೊಂಡು ಒಳಕ್ಕೆ ತಗೊಂತಾರೆ.”

ಐವತ್ತರ ಆಸುಪಾಸಿನ ಅಂಜಮ್ಮನ ತವರು ರಾಯಕೋಟೆ, ಕೋಟೆಬೆಟ್ಟದ ಕೆಳಗಿನ ಬೀದಿ. ಮದುವೆಯಾಗಿ ಉದ್ದನಪಲ್ಲಿಗೆ ಬಂದರು. ಗಂಡ ಮತ್ತು ಒಬ್ಬಳೇ ಮಗಳು ಒಂದೇ ವಾರದಲ್ಲಿ ಕಾಲರಾದಿಂದ ತೀರಿಕೊಂಡರು. ಅದನ್ನು ಅವರು ಹೆಚ್ಚು ಹೇಳುವುದಿಲ್ಲ. ಹೇಳುವುದು ಹಿಂದಿನ ಬೀದಿಯ ಗೋವಿಂದಮ್ಮನ ಕಥೆ.

“ಅವ್ಳಿಗೂ ನಂಗೂ ಬೇಲಿ ಜಗಳ. ಮಾತೇ ಇರ್ನಿಲ್ಲ. ನಮ್ಮನೇ ಸೂತಕದಾಗೆ ದಿನಾ ಬೆಳಿಗ್ಗೆ ಬಾಗಿಲ್ ತೆಗುದ್ರೆ ಹಿಟ್ಟು ಇರೋದು. ಯಾರು ಇಟ್ಟೋರು ಅಂತ್ಲೇ ಗೊತ್ತಾಗ್ನಿಲ್ಲ. ಆಮೇಲ್ ಗೊತ್ತಾತು. ಅವ್ಳು ಸತ್ತಾಗ ಆ ಮನೇಗೆ ನಾನ್ ಬೀಸ್ದೆ. ಅವತ್ತಿಂದ ನಿಲ್ಲಿಸ್ಲಿಲ್ಲ.”

ದಿನಕ್ಕೆ ಎರಡು ಮೂರು ಮನೆಯ ಬೀಸುವ ಕೆಲಸ. ಅದು ಮುಗಿದ ಮೇಲೆ ಊರ ಶಾಲೆಯ ಕಸ ಗುಡಿಸಿ ಮಕ್ಕಳಿಗೆ ನೀರು ತುಂಬಿಡುವ ಕೆಲಸ. ಬಲಭುಜ ಈಚೆಗೆ ಮೇಲೆತ್ತಲು ಬರುವುದಿಲ್ಲ. ತಲೆ ಬಾಚಿಕೊಳ್ಳುವುದು ಎಡಗೈಯಲ್ಲೇ.

ನಾನು ಅವರನ್ನು ಹುಡುಕಿಕೊಂಡು ಬಂದದ್ದು ಹೊಗಳಲಿಕ್ಕೆ. ಹೊಸೂರಿನ ಸಂತೆಯಲ್ಲಿ ಯಾರೋ ಹೇಳಿದ್ದರು: ವಂಗದೇಶದ ಕಡಲತೀರದಲ್ಲಿ ಬಿರುಗಾಳಿ ಎದ್ದು ಹಳ್ಳಿಗಳು ಕೊಚ್ಚಿಹೋದಾಗ ಉದ್ದನಪಲ್ಲಿಯ ಶಾಲೆ ಮಕ್ಕಳು ಹಿಟ್ಟು ಬೀಸಿ ಅಲ್ಲಿಗೆ ಕಳಿಸಿದರಂತೆ, ಬೀಸಿಸಿದವಳು ಓದು ಬರಹವಿಲ್ಲದ ಒಬ್ಬ ಹೆಂಗಸಂತೆ. ಭಾನುವಾರದ ಪುರವಣಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಅರ್ಧ ಲೇಖನವನ್ನು ನಾನು ಬಸ್ಸಿನಲ್ಲೇ ಬರೆದು ಮುಗಿಸಿದ್ದೆ.

ಮೊದಲ ಅರ್ಧ ನಿಜವೇ. ಹೋದ ವರ್ಷಕ್ಕೆ ಹಿಂದಿನ ವರ್ಷದ ದಸರೆಯಲ್ಲಿ ಆ ಬಿರುಗಾಳಿ ಬಂದದ್ದು. ಸುದ್ದಿ ಇಲ್ಲಿಗೆ ತಲುಪಲು ವಾರಗಳೇ ಹಿಡಿದವು. ಚೆನ್ನಕೇಶವ ಮೇಷ್ಟರು ತರಗತಿಯಲ್ಲಿ ಪತ್ರಿಕೆ ಓದಿ, ಸಮುದ್ರ ಎದ್ದು ಊರೊಳಕ್ಕೆ ನುಗ್ಗಿತು ಎಂದರು. ಮಕ್ಕಳು ನಕ್ಕರು. ಕೆರೆ ಬಿಟ್ಟು ಬೇರೆ ನೀರು ಕಾಣದ ಮಕ್ಕಳು. ನೀರು ಎದ್ದು ನಡೆದು ಬರುತ್ತದೆಂದರೆ ಅವರಿಗೆ ತಮಾಷೆ. ನಂಜ ಎಂಬ ಹುಡುಗ ಬೆಂಚಿನ ಮೇಲೆ ಹತ್ತಿ, ಕೈಕಾಲು ಬಡಿದು, ಮುಳುಗುವವನ ನಟನೆ ಮಾಡಿ ಎಲ್ಲರನ್ನೂ ಇನ್ನಷ್ಟು ನಗಿಸಿದ. ಮೇಷ್ಟರು ಬೆತ್ತಕ್ಕೆ ಕೈಹಾಕಿದರು.

ಹೊರಗೆ ನೀರು ತುಂಬುತ್ತಿದ್ದ ಅಂಜಮ್ಮ ಬಾಗಿಲಿಗೆ ಬಂದು, ಹೊಡೀಬ್ಯಾಡಿ ಸಾಮಿ ಎಂದರಂತೆ. ಆಮೇಲೆ ನಂಜನನ್ನು ಕೇಳಿದರಂತೆ: “ಏನ್ಲಾ, ಈಗ್ಲೇ ನಿಮ್ಮನೇಗೆ ನೀರು ಬಂದ್ರೆ ಮೊದ್ಲು ಏನ್ ಎತ್ಕೊಂಡು ಓಡ್ತೀಯ?”

ನಂಜ ಯೋಚಿಸಿ, ಬುಗುರಿ ಎಂದ. ಮತ್ತೊಬ್ಬ ಕರು ಎಂದ, ಇನ್ನೊಬ್ಬ ತಂಗಿ ಎಂದ. ಆದಿಲಕ್ಷ್ಮಿ ಎಂಬ ಹುಡುಗಿ ರಾಗಿಕಲ್ಲು ಎಂದಳು.

“ಅದು ಎತ್ತಾಕ್ ಆಗಲ್ಲ ಕಣಮ್ಮ. ಅದು ಅಲ್ಲೇ ಹೂತೋಯ್ತದೆ.”

“ಹಂಗಾದ್ರೆ ಅವ್ರು ಹೆಂಗೆ ಬೀಸ್ತಾರೆ?” ಎಂದು ಆದಿಲಕ್ಷ್ಮಿ ಕೇಳಿದಳು. ಅಲ್ಲಿಂದ ಮುಂದಿನದನ್ನು ಮಕ್ಕಳೇ ಹೇಳಿದರು. ಅಲ್ಲಿ ಮನೆಮನೆಯಲ್ಲೂ ಸಾವು. ಅಂದರೆ ಎಲ್ಲವೂ ಸೂತಕದ ಮನೆಗಳೇ. ಅಕ್ಕಪಕ್ಕದ ಮನೆಯೂ ಸೂತಕದ ಮನೆಯಾದರೆ ಹಿಟ್ಟು ಇಡುವವರು ಯಾರು? ನಾವೇ.

ಸುಗ್ಗಿ ಮುಗಿಯುವವರೆಗೆ ಕಾದು, ಕಣದಿಂದ ಬಂದ ಹೊಸ ರಾಗಿಯಲ್ಲಿ ಮನೆಗೊಂದಿಷ್ಟು ಕೂಡಿಸಿದರು. ಮುಂಜಾನೆ ಒಂದೊಂದು ಕಲ್ಲಿಗೆ ಇಬ್ಬರು ಮೂವರು ಮಕ್ಕಳು ಕೂತು ಬೀಸಿದರು. ತಲೆಗೂದಲೆಲ್ಲ ಹಿಟ್ಟಾಗಿ ಶಾಲೆಗೆ ಬರುತ್ತಿದ್ದರೆಂದು ಮೇಷ್ಟರು ಈಗಲೂ ನಗುತ್ತಾರೆ. ಕೊನೆಯ ಚೀಲ ಹೊಲಿಯುವಾಗ ನಂಜ ಓಡಿ ಬಂದು ತನ್ನ ಬುಗುರಿಯನ್ನು ಹಿಟ್ಟಿನೊಳಗೆ ತುರುಕಿದ. ಅಲ್ಲೊಬ್ಬ ಹುಡುಗನ ಬುಗುರಿಯೂ ನೀರುಪಾಲಾಗಿರುತ್ತದಲ್ಲ, ಅವನಿಗಂತೆ.

ಇಷ್ಟನ್ನು ಕೇಳಿ ನಾನು ಪೆನ್ನು ಮುಚ್ಚುವುದರಲ್ಲಿದ್ದೆ. ಮತ್ತೊಂದು ಮನೆಯ ರಾಗಿ ಬೀಸುತ್ತಿದ್ದ ಅಂಜಮ್ಮ ಕಲ್ಲು ನಿಲ್ಲಿಸಿದರು.

“ಇದ್ನ ಅಚ್ಚು ಹಾಕ್ತೀರಾ ಸಾಮಿ?”

ಹೌದು ಎಂದೆ.

“ಬ್ಯಾಡ. ಅಚ್ಚಾದ್ರೆ ನಿಜ ಆಗ್ಬುಡ್ತದೆ. ಆ ಹಿಟ್ಟು ಹೋಗ್ಲೇ ಇಲ್ಲ.”

ರಾಯಕೋಟೆಯ ಕಡೆಯ ಸಣ್ಣ ರೈಲಿನ ಹಳಿಗಳನ್ನು ಯುದ್ಧಕ್ಕೆಂದು ಕಿತ್ತುಕೊಂಡು ಹೋಗಿದ್ದಾರೆ. ಹಾಗಾಗಿ ಗಾಡಿಯ ತಿಮ್ಮರಾಯಪ್ಪ ಚೀಲಗಳನ್ನು ದೂರದ ಒಂದು ಸ್ಟೇಷನ್ನಿಗೆ ಹೊಡೆದುಕೊಂಡು ಹೋಗಿ ಇಳಿಸಿದ್ದರು. ಅಲ್ಲಿ ಬಂದ ವ್ಯಾಗನ್ನೆಲ್ಲ ಸಿಪಾಯಿಗಳಿಗೆ, ಮದ್ದುಗುಂಡಿಗೆ. ಇವತ್ತು ನಾಳೆ ಎಂದು ಚೀಲಗಳು ಶೆಡ್ಡಿನಲ್ಲೇ ಬಿದ್ದಿದ್ದವು. ಯುಗಾದಿಯ ನಂತರದ ಮಳೆಗೆ ಶೆಡ್ಡು ಸೋರಿತು. ತಿಮ್ಮರಾಯಪ್ಪ ಅವನ್ನು ಹಾಗೆಯೇ ಹಿಂದಕ್ಕೆ ತಂದು, ಅಂಜಮ್ಮನ ಮನೆ ಮುಂದೆ ಗಾಡಿ ನಿಲ್ಲಿಸಿ, ತೆಲುಗಿನಲ್ಲಿ ಇಷ್ಟೇ ಹೇಳಿದರು: “ಅಂತಾ ಪೋಯಿಂದಿ ಅಕ್ಕಾ.” ಎಲ್ಲಾ ಹೋಯಿತು.

“ಬಿಚ್ಚುದ್ರೆ ಗಡ್ಡೆ ಕಟ್ಟಿತ್ತು. ಹುಳ ಹರೀತಿದ್ವು. ದನಾನೂ ಮೂಸ್ಲಿಲ್ಲ,” ಎನ್ನುತ್ತಾರೆ ಅಂಜಮ್ಮ. “ರಾಗಿ ಕಾಳು ವರ್ಸಗಟ್ಲೆ ಇರ್ತದೆ ಸಾಮಿ. ಹಗೇವಲ್ಲಿ ಹಾಕಿದ್ರೆ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ. ಹಿಟ್ಟು ಇರ್ತದಾ? ಬೀಸೋಳು ನಾನು, ನಂಗೊತ್ತಿಲ್ವಾ? ನಾನೇ ಹೇಳ್ಬೇಕಿತ್ತು. ಪಕ್ಕದ್ ಮನೇಗೆ ಮಾಡೋದ್ನ ಅಷ್ಟು ದೂರದ್ ಮನೇಗೂ ಮಾಡ್ಬುಟ್ಟೆ. ಆ ಮಕ್ಕಳು ಬೀಸೋದ್ ನೋಡಿ ನಂಗೆ ಬಾಯಿ ಬರ್ನಿಲ್ಲ.”

ಹಗೇವು ಎಂದರೆ ನೆಲದಲ್ಲಿ ತೋಡಿದ ಧಾನ್ಯದ ಗುಂಡಿ. ಈ ಊರಲ್ಲಿ ಅದು ಇಲ್ಲದ ಮನೆ ಕಡಿಮೆ. ಕಾಳು ಉಳಿಯುತ್ತದೆ, ಹಿಟ್ಟು ಕೆಡುತ್ತದೆ ಎಂಬುದು ಮೇಷ್ಟರಿಗೂ ಗೊತ್ತಿತ್ತು, ಚೀಲ ಹೊತ್ತ ಗಂಡಸರಿಗೂ ಗೊತ್ತಿತ್ತು. ಸೂತಕದ ಮನೆಗೆ ಕಾಳು ಕಳಿಸಿ ಎನ್ನಲು ಯಾರಿಗೂ ನಾಲಿಗೆ ಏಳಲಿಲ್ಲ.

ಅಂಜಮ್ಮ ಮತ್ತು ತಿಮ್ಮರಾಯಪ್ಪ ಸೇರಿ ಹಿಟ್ಟನ್ನು ತಿಪ್ಪೆಗುಂಡಿಗೆ ಸುರಿದು ಮಣ್ಣು ಎಳೆದರು. ಯಾರಿಗೂ ಹೇಳಲಿಲ್ಲ. ಅವರು ಉಂಡರಾ ಎಂದು ಮಕ್ಕಳು ಕೇಳಿದಾಗ ಅಂಜಮ್ಮ, “ಉಂಡ್ರು ಕಣ್ರಲಾ,” ಎಂದರು. ಮಕ್ಕಳು ಕುಣಿದವು.

ಇದನ್ನು ಯಾರಾದರೂ ಕ್ಷಮಿಸಬಹುದು. ಆದರೆ ಮಳೆಗಾಲದಲ್ಲಿ ಮತ್ತೆ ಸುದ್ದಿ ಬಂತು. ಅದೇ ವಂಗದೇಶದಲ್ಲಿ ಜನ ಅನ್ನವಿಲ್ಲದೆ ದಾರಿಯಲ್ಲಿ ಬಿದ್ದು ಸಾಯುತ್ತಿದ್ದಾರೆ. ಮೇಷ್ಟರು ಮತ್ತೆ ಓದಿದರು. ಈ ಸಲ ಯಾರೂ ನಗಲಿಲ್ಲ, ಅಳಲೂ ಇಲ್ಲ. “ನಾವ್ ಕೊಟ್ಟಾಯ್ತಲ್ಲ ಸಾರ್,” ಎಂದ ನಂಜ. “ನನ್ ಬುಗುರಿ ಈಗ ಅಲ್ಲಿ ಆಡ್ತಾ ಐತೆ.” ನೀರು ತುಂಬುತ್ತಿದ್ದ ಅಂಜಮ್ಮ ಅದನ್ನು ಕೇಳಿಸಿಕೊಂಡರು. ಕಾಳು ಕಳಿಸೋಣ ಎನ್ನಬೇಕಿತ್ತು. ಹಾಗೆ ಹೇಳಿದರೆ ಹೋದ ಸಲ ಹಿಟ್ಟು ಯಾಕೆ ಕಳಿಸಿದ್ದು ಎಂಬ ಪ್ರಶ್ನೆ ಬರುತ್ತದೆ. ಬಿಂದಿಗೆ ಇಟ್ಟು ಮನೆಗೆ ಬಂದರು.

“ನಮ್ಮ ರಾಗೀಲಿ ಎಷ್ಟ್ ಜನ ಬದುಕ್ತಿದ್ರೋ, ಯಾರೂ ಬದುಕ್ತಿರ್ನಿಲ್ವೋ. ಕಳಿಸ್ಲೇ ಇಲ್ವಲ್ಲ. ಹಿಟ್ಟು ಮುಗ್ಗಿದ್ದು ಮಳೇಗೆ. ಮಕ್ಕಳ ಮನ್ಸು ಮುಗ್ಗಿದ್ದು ನನ್ನಿಂದ.”

ಹಾಗೆನ್ನಬೇಡಿ ಎಂದು ಹೇಳಲು ಹೊರಟೆ. ಹೇಳಿದ್ದರೆ ಅದೂ ಒಂದು ಸುಳ್ಳೇ ಆಗುತ್ತಿತ್ತು. ನನಗೆ ನಿಜಕ್ಕೂ ದುಃಖವಾಯಿತು, ಬಸ್ಸಿನಲ್ಲಿ ಬರೆದದ್ದನ್ನು ಜೇಬಿನಲ್ಲೇ ಮುದುರಿದೆ. ಅಂಜಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಬುಗುರಿ ತೆಗೆದರು. ಹಗ್ಗ ಸುತ್ತುವ ಗೆರೆಗಳಲ್ಲಿ ಹಳೆಯ ಹಿಟ್ಟು ಕಲ್ಲಾಗಿ ಕೂತಿತ್ತು. ನಂಜನಿಗೆ ಕೊಟ್ಟರೆ ಸುಳ್ಳು ಬಯಲಾಗುತ್ತದೆ, ಎಸೆಯಲು ಕೈ ಬರುವುದಿಲ್ಲ. ಅಂದಿನಿಂದ ಅವರ ಜೊತೆಯೇ ಇದೆ.

“ನೀವ್ ಬರ್ಕೊಂಡೋಗಕ್ ಮುಂಚೆ ನಾನ್ ಆ ಮಕ್ಕಳಿಗೆ ಹೇಳ್ಬೇಕು. ಬರ್ತೀರಾ?” ಎಂದರು.

ಶಾಲೆ ಶುರುವಾಗುವ ಹೊತ್ತಿಗೆ ಇಬ್ಬರೂ ಅಲ್ಲಿದ್ದೆವು. ಮೇಷ್ಟರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅಂಜಮ್ಮ ಬಾಗಿಲಲ್ಲೇ ನಿಂತು, ಸುತ್ತಿ ಬಳಸದೆ ಹೇಳಿದರು. ಹಿಟ್ಟು ಹೋಗಲಿಲ್ಲ. ಕೆಟ್ಟುಹೋಯಿತು. ನಾನು ಸುಳ್ಳು ಹೇಳಿದೆ. ಆಮೇಲೆ ಅಂಗೈ ಬಿಚ್ಚಿದರು.

ನಂಜ ಎದ್ದು ಬಂದು ಬುಗುರಿಯನ್ನು ನೋಡಿದ. ವರ್ಷದಲ್ಲಿ ಹುಡುಗ ಎತ್ತರವಾಗಿದ್ದಾನೆ, ಬುಗುರಿ ಆಡುವ ವಯಸ್ಸು ದಾಟುತ್ತಿದೆ. ಅವನಿಗೆ ಸಿಟ್ಟು ಬರುತ್ತದೆಂದು ಅಂಜಮ್ಮ ಕಾದು ನಿಂತಿದ್ದರು.

“ಹಂಗಾದ್ರೆ ಅವ್ನು ಇನ್ನೂ ಉಂಡೇ ಇಲ್ವಾ?” ಎಂದ ನಂಜ.

ಅಂಜಮ್ಮ ಬುಗುರಿಯನ್ನು ಅವನ ಕಡೆ ಚಾಚಿದರು.

“ತಗಳ್ಳಪ್ಪ, ನಿಂದು,” ಎಂದರು.

“ನಂದಲ್ಲ. ಕೊಟ್ಬುಟ್ಟಿದ್ದೀನಿ, ಅವ್ನದು,” ಎಂದು ಹುಡುಗ ಹೋಗಿ ತನ್ನ ಜಾಗದಲ್ಲಿ ಕೂತ. ಆದಿಲಕ್ಷ್ಮಿ ಎದ್ದು, ಅವರ ಮನೆಯ ಹಗೇವನ್ನು ನಾಳಿದ್ದು ತೆಗೆಯುತ್ತಾರೆಂದೂ ಅಪ್ಪನನ್ನು ಕೇಳಿ ನೋಡುತ್ತೇನೆಂದೂ ಮೇಷ್ಟರಿಗೆ ಹೇಳಿದಳು. ಕಾಳೇ, ಬೀಸುವುದಿಲ್ಲ ಎಂದೂ ಸೇರಿಸಿದಳು.

ಬಸ್ಸಿಗೆ ಹೊರಟ ನನ್ನ ಜೊತೆ ಅಂಜಮ್ಮ ರಸ್ತೆಯವರೆಗೆ ಬರುತ್ತಾರೆ. ಬುಗುರಿ ಮತ್ತೆ ಸೆರಗಿನ ಗಂಟಿಗೆ ಸೇರಿದೆ. ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ.

“ತಪ್ ಮಾಡುದ್ಲು ಅಂತ ಬರೀರಿ. ಹೋದೋರು ಹೋದ್ರು, ಈಗ ಕಳ್ಸೋ ಕಾಳು ಅವ್ರಿಗ್ ಮುಟ್ಟಲ್ಲ, ಅದ್ನೂ ಬರೀರಿ.” ನೋಯುವ ಭುಜವನ್ನು ಎಡಗೈಯಿಂದ ಒತ್ತಿಕೊಂಡು ಶಾಲೆಯ ಕಡೆ ಒಮ್ಮೆ ತಿರುಗಿ ನೋಡುತ್ತಾರೆ. “ಆದ್ರೆ ನಾನ್ ಕೊಟ್ರೂ ಆ ಹುಡ್ಗ ಬುಗುರಿ ಇಸ್ಕೊಳ್ಳಿಲ್ಲ, ಅವ್ನದು ಅಂದ್ಬುಟ್ಟ. ನೋಡುದ್ರಲ್ಲ ಸಾಮಿ?”