ಕುರ್ಚಿಗೆ ಯಾವ ಟಿಕಳಿ

ಕುರ್ಚಿ ಗಂಡಸು. ಬಾಗಿಲು ಹೆಂಗಸು. ಚಾಕು ಎರಡೂ ಅಲ್ಲ. ಜರ್ಮನ್ ಭಾಷೆಯಲ್ಲಿ ಯಾರೋ ಯಾವಾಗಲೋ ಹೀಗೆ ತೀರ್ಮಾನಿಸಿಬಿಟ್ಟಿದ್ದಾರೆ. ಗಂಡಸಾದರೆ ಮುಂದೆ ಡೆರ್ ಅನ್ನಬೇಕು, ಹೆಂಗಸಾದರೆ ಡೀ, ಎರಡೂ ಅಲ್ಲದಿದ್ದರೆ ಡಾಸ್. ಯಾಕೆ ಎಂದು ಕೇಳಿದರೆ, ಪುಣೆಯಿಂದ ಮೊಬೈಲಿನಲ್ಲಿ ಪಾಠ ಹೇಳುತ್ತಿದ್ದ ಮೇಡಮ್ಮು ನಕ್ಕು, "ಅದು ಹಾಗೇ ಇದೆ, ಬಾಯಿಪಾಠ ಮಾಡಿ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಿಂದಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಹನ್ನೊಂದು ವರ್ಷದಿಂದ ನರ್ಸು. ಯಾರ ಶಿಫಾರಸೂ ಇಲ್ಲದೆ ಅರ್ಜಿ ಹಾಕಿ, ಜರ್ಮನಿಯ ಒಂದು ಆಸ್ಪತ್ರೆಯಿಂದ ಕೆಲಸದ ಪತ್ರ ತರಿಸಿಕೊಂಡಿದ್ದೆ. ಡಿಸೆಂಬರ್ ಮುಗಿಯುವುದರೊಳಗೆ ಅವರ ಭಾಷೆಯ ಪರೀಕ್ಷೆ ಪಾಸಾಗಿರಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಒಂದು ಸಲ ಆಗಲೇ ನಪಾಸಾಗಿದ್ದೆ. ಅಪ್ಪ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ನಾನು ಹೊರಟ ಮೇಲೆ ಅವ್ವ ಗೊಳಸಂಗಿಯಲ್ಲಿರುವ ತನ್ನ ಅಣ್ಣನ ಮನೆಗೆ ಹೋಗುವುದು ಎಂದು ತೀರ್ಮಾನವಾಗಿತ್ತು. ಅದಕ್ಕೆ ಅವಳ ತಕರಾರೇನೂ ಇರಲಿಲ್ಲ. ಅಲ್ಲಿ ಎಮ್ಮೆಗಳಿವೆ, ಇಲ್ಲಿ ನಾನಿದ್ದೇನೆ, ಎಮ್ಮೆ ಇಷ್ಟು ಸಿಡುಕುವುದಿಲ್ಲ ಎಂಬುದು ಅವಳ ಲೆಕ್ಕ.

ಕನ್ನಡದಲ್ಲಿ ಹುಟ್ಟಿದವರಿಗೆ ಈ ಕಾಟ ಅರ್ಥವಾಗುವುದೇ ಇಲ್ಲ. ನಮ್ಮಲ್ಲಿ ಮನುಷ್ಯರು ಮನುಷ್ಯರು, ಕುರ್ಚಿ ಕುರ್ಚಿ. ಚಮಚವನ್ನು ಅವನು ಎಂದು ಕರೆಯುವವರನ್ನು ನಾವು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಆದರೆ ಅಲ್ಲಿ ಹುಡುಗಿ ಹೆಂಗಸಲ್ಲ, ಡಾಸ್! ಅದನ್ನು ಓದಿದ ದಿನ ಪುಸ್ತಕ ಎಸೆದು ಅವ್ವನ ಮುಂದೆ ಕೂಗಾಡಿದೆ.

"ಅದಕ್ಯಾಕ ಅಷ್ಟ ಸಿಟ್ಟಿಗೇಳ್ತಿ? ನಾವೂ ಹುಡುಗಿ ಬಂತು, ಹುಡುಗಿ ಹೋತು ಅಂತೀವಲ್ಲ" ಎಂದಳು ಅವ್ವ, ತಲೆ ಎತ್ತದೆ.

ಅವಳು ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ನಾನು ಎಸೆದ ಪುಸ್ತಕ ಎತ್ತಿಕೊಂಡು ಮತ್ತೆ ಕೂತೆ.

ಪಕ್ಕದ ಮನೆಯಾಕೆ, ಓಣಿಗೆಲ್ಲ ಕಾಕು, ಇನ್ನೊಂದು ಕಾಟ. ಸಾಲಿ ಮಾಸ್ತರಿಣಿಯಾಗಿ ನಿವೃತ್ತರಾದವರು, ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. "ಅದರಾಗೇನ ಕಷ್ಟ ಅದ? ನಮ್ಮ ಮರಾಠಿಯೊಳಗೂ ಮೂರೂ ಅವ. ತೋ, ತೀ, ತೇ. ನಾವೇನು ಬಾಯಿಪಾಠ ಮಾಡೇವೇನು?" ಎನ್ನುವರು. ಅವರ ಪ್ರಕಾರ ಚಮಚ ಗಂಡು, ಜರ್ಮನ್ನಲ್ಲೂ ಗಂಡು. ಮನೆ, ಉಪ್ಪು, ಬೀಗ ಎರಡೂ ಕಡೆ ನಪುಂಸಕ. ಒಂದು ವಾರ ನಾನೂ ಖುಷಿಯಿಂದ ಮರಾಠಿಯನ್ನು ನಂಬಿದೆ. ಆಮೇಲೆ ಬೀಗದ ಕೈ ಬಂತು, ಮರಾಠಿಯಲ್ಲಿ ಹೆಣ್ಣು, ಜರ್ಮನ್ನಲ್ಲಿ ಗಂಡು. ಅಲ್ಲಿಗೆ ಆ ಸಂಬಂಧ ಮುರಿಯಿತು. ಕಾಕು ಮಾತ್ರ, "ಹಂಗಾದ್ರ ಅವರದ ತಪ್ಪಿರಬೇಕು" ಎಂದರು.

ಕಡೆಗೆ ಒಂದು ಉಪಾಯ ಮಾಡಿದೆ. ನಾವು ಹಣೆಗೆ ಅಂಟಿಸಿಕೊಳ್ಳುವ ಟಿಕಳಿ ಇದೆಯಲ್ಲ, ಬಜಾರದಿಂದ ಅದರ ಮೂರು ಬಣ್ಣದ ಪಾಕೀಟು ತಂದೆ. ಡೆರ್‌ಗೆ ನೀಲಿ, ಡೀಗೆ ಕೆಂಪು, ಡಾಸ್‌ಗೆ ಹಸಿರು. ಮನೆಯಲ್ಲಿದ್ದ ನೂರೆಂಟು ಸಾಮಾನಿಗೆಲ್ಲ ಅಂಟಿಸಿದೆ. ಬಾಗಿಲು ಕೆಂಪು ಟಿಕಳಿ ಇಟ್ಟುಕೊಂಡು ನಿಂತಿತು, ಬಕೀಟು ನೀಲಿ, ಕಿಟಕಿ ಹಸಿರು. ಆಸ್ಪತ್ರೆಗೆ ಹೋಗುವಾಗ, ಬರುವಾಗ, ಊಟಕ್ಕೆ ಕೂತಾಗ ಒಂದೊಂದನ್ನೂ ಮುಟ್ಟಿ ಗಟ್ಟಿಯಾಗಿ ಹೇಳುತ್ತಿದ್ದೆ. ಅವ್ವ ಸುಮ್ಮನೆ ಕೇಳುತ್ತಿದ್ದಳು. ಇಂಡಿ ತಾಲೂಕಿನಿಂದ ಬಂದ ಪೇಶಂಟ್ ಒಬ್ಬರಿಗೆ ಇಂಜೆಕ್ಷನ್ ಮಾಡುವಾಗಲೂ ಬಾಯಲ್ಲಿ ಡೆರ್, ಡೀ ಬಂದು, ಅವರು "ಏನ್ರಿ ಸಿಸ್ಟರ್, ಮಂತ್ರ ಹೇಳಾಕತ್ತೀರೇನು?" ಎಂದು ಹೆದರಿದ್ದರು.

ಅಷ್ಟರಲ್ಲಿ ಮಹಾನವಮಿ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ಮೊದಲು ಮನೆಯ ಒಂದು ಸಾಮಾನೂ ನೀರು ಕಾಣದೆ ಉಳಿಯುವಂತಿಲ್ಲ. ಹೊದೆಯುವ ಕೌದಿಯಿಂದ ಹಿಡಿದು ಡಬ್ಬಿಯ ಮುಚ್ಚಳದವರೆಗೆ ತೊಳೆಯಲೇಬೇಕು. ಆಸ್ಪತ್ರೆಯಲ್ಲಿ ಡೆಂಗಿ ಜ್ವರದವರು ತುಂಬಿದ್ದರಿಂದ ನನಗೆ ರಜೆ ಸಿಗಲಿಲ್ಲ. ಅವ್ವನೇ ಎಲ್ಲ ತೊಳೆದಳು. ಸಂಜೆ ಬಂದು ನೋಡಿದರೆ ಪಾತ್ರೆಗಳು ಹೊಳೆಯುತ್ತಿದ್ದವು, ಟಿಕಳಿಗಳೂ ಇದ್ದವು. ನಾನು ಓದು ಮುಂದುವರಿಸಿದೆ. ಕುರ್ಚಿ ಕೆಂಪು ಅನ್ನುವಾಗ ಏನೋ ಒಗ್ಗಲಿಲ್ಲ ನಿಜ. ಆದರೆ ನನಗೆ ನನ್ನ ತಲೆಯ ಮೇಲೆ ಸಂಶಯ ಬಂತೇ ಹೊರತು ಕುರ್ಚಿಯ ಮೇಲೆ ಬರಲಿಲ್ಲ.

ಮೂರು ವಾರದ ನಂತರ ಮೇಡಮ್ಮು ಒಂದು ಪರೀಕ್ಷೆ ಇಟ್ಟರು. ಪೂರಾ ಮನೆ ಸಾಮಾನುಗಳ ಮೇಲೆ. ಈ ಸಲವಾದರೂ ಗೆದ್ದೆ ಎಂದು ಎದೆ ತಟ್ಟಿಕೊಂಡು ಬರೆದೆ. ಅರ್ಧಕ್ಕಿಂತ ಹೆಚ್ಚು ತಪ್ಪಾಗಿತ್ತು. "ನೀವು ಹಿಂದೆ ಹೋಗುತ್ತಿದ್ದೀರಿ. ಇನ್ನು ಹದಿನೈದು ದಿನದಲ್ಲಿ ಸುಧಾರಿಸದಿದ್ದರೆ ಡಿಸೆಂಬರಿನ ಪರೀಕ್ಷೆಗೆ ಕೂಡಬೇಡಿ" ಎಂದರು ಅವರು.

ಪಾಠ ಬರೆದುಕೊಂಡಿದ್ದ ವಹಿ ಹಿಡಿದುಕೊಂಡು ಮನೆಯ ಒಂದೊಂದೇ ಸಾಮಾನಿನ ಮುಂದೆ ನಿಂತೆ. ಕುರ್ಚಿ, ಬಕೀಟು, ಕಿಟಕಿ, ಎಲ್ಲ ಕೆಂಪು. ಕೆಂಪಾಗಬೇಕಿದ್ದ ಬಾಗಿಲು ಹಸಿರು. ಅವ್ವ ಪಡಸಾಲೆಯಲ್ಲಿ ತೊಗರಿ ಬೇಳೆ ಹಸನು ಮಾಡುತ್ತ ಕೂತಿದ್ದಳು.

"ಅವ್ವಾ, ಈ ಟಿಕಳಿ ಯಾರು ಮುಟ್ಟಿದ್ರು?"

"ಮಾನವಮಿಗೆ ತೊಳಿಯುವಾಗ ನಾನ ಕಿತ್ತಿದ್ದೆ. ಟಿಕಳಿ ಕಸದಾಗ ಒಗೀಬಾರ್ದಂತ ತಾಟಿನ್ಯಾಗ ಇಟ್ಟಿದ್ದೆ. ಕಾಕು ಬಂದು ಹಚ್ಚಿಕೊಟ್ರು."

ಕಾಕು! ಮರಾಠಿಯ ಪ್ರಕಾರ ಹಚ್ಚಿಹೋಗಿದ್ದರು. ನಾನು ಮೂರು ವಾರ ಕಷ್ಟಪಟ್ಟು ಕಲಿತದ್ದು ಜರ್ಮನ್ ಅಲ್ಲವೇ ಅಲ್ಲ, ಮರಾಠಿ. ಅಳಬೇಕೋ ಗೋಡೆಗೆ ತಲೆ ಜಜ್ಜಿಕೊಳ್ಳಬೇಕೋ ತಿಳಿಯಲಿಲ್ಲ.

"ಯಾವುದಕ್ಕ ಯಾವುದಂತ ಕಾಕುಗೆ ಏನ ಗೊತ್ತು?" ಎಂದು ಕಿರುಚಿದೆ.

"ನಾ ಹೇಳ್ದೆ. ಕುರ್ಚಿಗೆ ನೀಲಿ, ಬಾಗಿಲಕ್ಕ ಕೆಂಪು, ಚಾಕುಗೆ ಹಸರು. ದಿನಾ ಕಿವಿಯಾಗ ಬೀಳ್ತೈತಲ್ಲ. ನೀಲಿ ಗಂಡು, ಕೆಂಪು ಹೆಣ್ಣು ಅನ್ನೂದಷ್ಟ ತಿಳಕೊಂಡ್ರು, ಉಳಿದದ್ದು ಅವರು ಕೇಳ್ಲಿಲ್ಲ. ಸಾಲಿ ಕಲಿಸಿದವರು, ಅವರಿಗೆ ನಾ ಎಷ್ಟಂತ ಹೇಳಲಿ?"

ಅವಳಿಗೆ ಎಲ್ಲವೂ ಬರುತ್ತಿತ್ತು. ನನಗೆ ಆರು ತಿಂಗಳಲ್ಲಿ ತಲೆಗೆ ಹತ್ತದ್ದು ಅವಳಿಗೆ ಬೇಳೆ ಆರಿಸುತ್ತ ಹತ್ತಿತ್ತು. ನನ್ನ ಸಿಟ್ಟು ಇನ್ನೂ ಏರಿತು.

"ಎಲ್ಲಾ ಗೊತ್ತಿದ್ದಾಕಿ ನೀನ ಹಚ್ಚಬೇಕಿತ್ತಲ್ಲ! ಅವರನ್ಯಾಕ ಕರದಿ?"

"ನಾ ಹ್ಯಾಂಗ ಟಿಕಳಿ ಹಚ್ಚಲಿ?" ಎಂದಳು ಅವ್ವ. ನನಗೇನೋ ತಲೆ ಕೆಟ್ಟಿದೆ ಎಂಬಂತೆ ನೋಡಿದಳು.

"ಹಣಿಗಲ್ಲವ್ವಾ, ಕುರ್ಚಿಗೆ!"

"ಕುರ್ಚಿಗಾದ್ರೇನು, ಟಿಕಳಿ ಟಿಕಳೀನ. ಗಂಡ ಹ್ವಾದಾಕಿ ಕೀಳಾಕ ಅಡ್ಡಿಲ್ಲ, ಹಚ್ಚಾಕ ಬರೂದಿಲ್ಲ."

"ಯಾಕ?"

"ಯಾಕಂದ್ರ? ಅದು ಹಂಗ ಐತಿ."

ನಾನು ಕೂತುಬಿಟ್ಟೆ. ಕುರ್ಚಿ ಯಾಕೆ ಗಂಡು ಎಂದು ಆರು ತಿಂಗಳಿಂದ ಜರ್ಮನ್ನರ ಮೇಲೆ ಕೂಗಾಡಿದ್ದೆ. ಅಪ್ಪ ಹೋಗಿ ಒಂಬತ್ತು ವರ್ಷವಾಗಿತ್ತು. ಅವತ್ತು ಅವಳ ಹಣೆ ಒರೆಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಯಾಕೆ ಎಂದು ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು. ಆದರೆ ನಾಚಿಕೆಯಾದರೂ ಸಿಡುಕುವುದೇ ನನ್ನ ಜಾಯಮಾನ. ಹೊಸ ಪಾಕೀಟು ತಂದು ಅವಳ ಉಡಿಯಲ್ಲಿ ಹಾಕಿದೆ.

"ನೀನ ಹಚ್ಚಬೇಕು. ನನಗ ಗೊಂದಲ ಐತಿ, ನಿನಗಿಲ್ಲ."

ಒಲ್ಲೆ ಎಂದಳು. ಜನ ಏನಂದಾರು ಎಂದಳು. ಡಿಸೆಂಬರ್ ಬಂತು, ನನ್ನ ಕೆಲಸ ಹೋಗುತ್ತದೆ ಎಂದು ಓಣಿಗೆಲ್ಲ ಕೇಳುವಂತೆ ಚೀರಾಡಿದೆ. ಸಾಕಾಗಿ ಎದ್ದು ಕೈ ತೊಳೆದುಕೊಂಡಳು. ಮೊದಲ ನೀಲಿ ಟಿಕಳಿ ಅವಳ ಬೆರಳಿಗೇ ಅಂಟಿಕೊಂಡು ಬಿಡಲೊಲ್ಲದು. ಕುರ್ಚಿಯ ಬೆನ್ನಿಗೆ ಅದನ್ನು ಒತ್ತಿ ಒತ್ತಿ ಹಚ್ಚಿದಳು. ನಾನು ವಹಿಯಲ್ಲಿ ಮುಖ ಇಟ್ಟುಕೊಂಡೆ. ಹತ್ತು ಸಾಮಾನು ಆಗುವುದರೊಳಗೆ ಅವಳೇ ನನ್ನನ್ನು ಕೇಳತೊಡಗಿದಳು, ತಪ್ಪು ಹೇಳಿದರೆ ಬೈಯತೊಡಗಿದಳು.

ಪಾಸಾದೆ ಎಂದು ಈಗಲೇ ಹೇಳಿಬಿಡುತ್ತೇನೆ, ಎದ್ದೂ ಬಿದ್ದೂ ಪಾಸಾದೆ. ಜರ್ಮನಿಯಲ್ಲಿ ಕೂತು ಇದನ್ನು ಬರೆಯುವಾಗಲೂ ಡೆರ್, ಡೀ ತಪ್ಪುತ್ತೇನೆ, ಇಲ್ಲಿಯವರು ನಗುತ್ತಾರೆ.

ಆ ಸಂಜೆ ನನ್ನ ಚೀರಾಟ ಕೇಳಿ ಕಾಕು ಬಂದು ಬಾಗಿಲಲ್ಲಿ ನಿಂತಿದ್ದರು. ಅವ್ವ ಆಗ ಬಾಗಿಲಿನ ಹಸಿರು ಕಿತ್ತು, ಬೆರಳ ತುದಿಯಲ್ಲಿ ಕೆಂಪು ಟಿಕಳಿ ಹಿಡಿದು ನಿಂತಿದ್ದಳು. ಕಾಕು ಅವಳ ಕೈ ನೋಡಿದರು, ಏನೋ ಹೇಳಲು ಬಾಯಿ ತೆರೆದರು. ಅವ್ವ ಯಾವಾಗಲೂ ಹಾಗೆ ಯಾರಾದರೂ ನೋಡಿದರೆ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುವವಳು. ಅವತ್ತು ಮುಚ್ಚಿಕೊಳ್ಳಲಿಲ್ಲ.

"ಸ್ವಲ್ಪ ಸರೀರಿ ಕಾಕು" ಎಂದು, ಅವರ ಎದುರಿಗೇ ಬಾಗಿಲಿಗೆ ಹಚ್ಚಿದಳು.