ಬರ್ನಡೀನ್ ಬರೆದ ದೆವ್ವದ ಪಂಚಾಂಗ

ಬರ್ನಡೀನ್ ಕೊಲ್ಲಾರ್ ಇಪ್ಪತ್ತೆಂಟು ವರ್ಷ ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಕೊಲ್ಲಾರ್ ಅವಳ ಗಂಡನ ಮನೆತನದ ಹೆಸರು. ಅವನ ತಾತ ಸ್ಲೊವಾಕಿಯಾ ಬಿಟ್ಟು ಅಮೆರಿಕಕ್ಕೆ, ಈ ಒಹಾಯೋದ ಉಕ್ಕಿನ ಕಾರ್ಖಾನೆಗೆ ಬಂದಾಗ ಒಂದು ಟ್ರಂಕು, ಒಂದು ಜಪಸರ, ಈ ಹೆಸರು ಇಷ್ಟನ್ನೇ ತಂದಿದ್ದನಂತೆ. ಕನ್ನಡದ ಕಿವಿಗೆ ಅದು ‘ಕೊಲ್ಲಲಾರರು’ ಎಂದೇ ಬೀಳುತ್ತದೆ. ಬರ್ನಡೀನಳ ಮಟ್ಟಿಗೆ ಅನ್ವರ್ಥನಾಮ. ಬೋನಿಗೆ ಬಿದ್ದ ಇಲಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕೆರೆಯಾಚೆ ಇಳಿಸಿ ಬರುವ ಹೆಂಗಸು ಅವಳು.

ಶಾಲೆಯ ಅಡುಗೆಮನೆಯ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿದ್ದಳು. ದಿನಾ ಬೆಳಗ್ಗೆ ಅದರ ಮೇಲೆ ಅವತ್ತಿನ ಊಟದಲ್ಲಿ ಯಾವ ಮಗುವಿಗೆ ಏನು ಆಗಿಬರುವುದಿಲ್ಲವೋ ಅದನ್ನು ಗುಂಡಗಿನ ಅಕ್ಷರದಲ್ಲಿ ಬರೆಯುವಳು: ಬ್ರೌನಿಯಲ್ಲಿ ವಾಲ್‌ನಟ್ ಇದೆ, ಸೂಪಿನಲ್ಲಿ ಹಾಲಿದೆ, ಮಾಂಸದುಂಡೆಯಲ್ಲಿ ಮೊಟ್ಟೆಯಿದೆ. ಹಾಗೆ ಬರೆಯಿರಿ ಎಂದು ಸರ್ಕಾರಕ್ಕೆ ಹೊಳೆಯುವ ಎಷ್ಟೋ ವರ್ಷ ಮೊದಲಿನ ಮಾತಿದು. ಇನ್ನೊಂದು ನೇಮವಿತ್ತು. ಅವಳು ಚಮಚ ಅದ್ದಿ ರುಚಿ ನೋಡದ ಒಂದು ಪದಾರ್ಥವೂ ಬಡಿಸುವ ಕಿಟಕಿ ದಾಟುತ್ತಿರಲಿಲ್ಲ. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರನ್ನೂ ‘ಹನಿ’ ಎಂದೇ ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಅದು ಜೇನು, ನಮ್ಮದರಲ್ಲಿ ತೊಟ್ಟು. ಅವಳಿಗೆ ಎರಡೂ ಒಪ್ಪುತ್ತಿತ್ತು. ಸಿಹಿಯನ್ನು ಅವಳು ಸುರಿಸಿದವಳಲ್ಲ, ತೊಟ್ಟು ತೊಟ್ಟೇ ಕೊಟ್ಟವಳು.

ಗಂಡ ಲೆನ್ ಊರಿನ ಅರ್ಧ ಗ್ಯಾರೇಜುಗಳಿಗೆ ಬಾಗಿಲು ಕೂರಿಸಿ ನಿವೃತ್ತನಾದವನು. ಅವನಿಗೆ ಒಂದು ವ್ರತವಿತ್ತು. ಅಕ್ಟೋಬರ್ ಒಂದರಿಂದ, ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಬರುವ ಹ್ಯಾಲೋವೀನಿನ ಮೂವತ್ತೊಂದರವರೆಗೆ, ದಿನಕ್ಕೊಂದು ಹೆದರಿಸುವ ಸಿನಿಮಾ. ಸೆಪ್ಟೆಂಬರ್ ಕೊನೆಗೆ ಮೂವತ್ತೊಂದರ ಪಟ್ಟಿ ಫ್ರಿಜ್ಜಿನ ಮೇಲೆ ಏರುತ್ತಿತ್ತು. ಸಂಜೆ ನಾಲ್ಕಕ್ಕೆ ಪರದೆ ಎಳೆದು ಕೂತರೆ ಮುಗಿಯುವವರೆಗೆ ಏಳುವಂತಿಲ್ಲ. ಇಂದಿನದನ್ನು ನಾಳೆಗೆ ಮುಂದೂಡುವಂತಿಲ್ಲ. ಬಾಡಿಗೆ ಕ್ಯಾಸೆಟ್ಟಿನ ಕಾಲದಿಂದ ಮೂವತ್ತು ವರ್ಷ ಒಂದು ದಿನವೂ ತಪ್ಪಿರಲಿಲ್ಲ. ಬರ್ನಡೀನ್ ಮಾತ್ರ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ರೇಡಿಯೋ ಜೋರು ಮಾಡಿಕೊಂಡು ಸೇಬು ಹೆಚ್ಚುತ್ತಿದ್ದಳು. ಸೋಪಿನ ಜಾಹೀರಾತಿನಲ್ಲಿ ಯಾರಾದರೂ ಹಿಂದಿನಿಂದ ಬಂದರೂ ಬೆಚ್ಚುವ ಪ್ರಾಣಿ ಅದು. ಭಯಭಕ್ತಿ ಆ ಮನೆಯಲ್ಲಿ ಸರಿಸಮ ಪಾಲಾಗಿತ್ತು: ಭಕ್ತಿ ಅವನದು, ಭಯ ಅವಳದು.

ಹೋದ ಆಗಸ್ಟಿನಲ್ಲಿ ಚರ್ಚಿನ ಪಿಯೆರೋಗಿ ಕಡುಬಿನ ಮಾರಾಟಕ್ಕೆ ಮೇಜು ಎತ್ತುತ್ತಿದ್ದ ಲೆನ್ ಮೇಜಿನ ಜೊತೆಗೇ ಕೆಳಗೆ ಕೂತ. ಹೃದಯಾಘಾತ. ಎರಡು ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ. ಅಂದಿನಿಂದ ಆ ಮನೆಯಿಂದ ಒಂದೊಂದೇ ಗಡೀಪಾರಾಗತೊಡಗಿದವು. ಮೊದಲು ಉಪ್ಪು, ಆಮೇಲೆ ಬೆಣ್ಣೆ, ಆಮೇಲೆ ಎಲೆಕೋಸಿನ ನೂಡಲ್ಸಿಗೆ ಹಾಕುವ ಹಂದಿಮಾಂಸದ ಪಟ್ಟಿ. ಲೆನ್ ಎಲ್ಲಕ್ಕೂ ಗೋಣು ಆಡಿಸಿದ. ಸೆಪ್ಟೆಂಬರ್ ಕೊನೆಗೆ ಅವನು ಫ್ರಿಜ್ಜಿಗೆ ಪಟ್ಟಿ ಅಂಟಿಸಿದ, ಅವಳು ಕಿತ್ತಳು. ಮತ್ತೆ ಅಂಟಿಸಿದ, ಮತ್ತೆ ಕಿತ್ತಳು.

ವೈದ್ಯರನ್ನು ಕೇಳಿದ್ದೂ ಆಯಿತು. ಸಿನಿಮಾ ನೋಡಬೇಡಿ ಅಂತ ನಾನು ಹೇಳಲಾರೆ, ಆದರೆ ಇನ್ನು ಕೆಲವು ವಾರ ಬೆಚ್ಚಿಬೀಳುವಂಥದ್ದು ಬೇಡ ಎಂದರು ಅವರು. ಅದರ ಮೊದಲರ್ಧ ಲೆನ್ನನ ಕಿವಿಗೆ ಬಿತ್ತು, ಉತ್ತರಾರ್ಧ ಬರ್ನಡೀನಳ ಕಿವಿಗೆ. ಆ ವಾರದ ಜಗಳ ರಸ್ತೆಯ ಈಚೆ ಬದಿಯ ನಮ್ಮ ಮನೆಗೂ ಕೇಳುತ್ತಿತ್ತು.

“ಉಪ್ಪು ತೆಗೆದೆ, ಸುಮ್ನಿದ್ದೆ. ಬೆಣ್ಣೆ ತೆಗೆದೆ, ಸುಮ್ನಿದ್ದೆ,” ಎಂದನಂತೆ ಲೆನ್. “ಇನ್ನು ದೆವ್ವಾನೂ ತೆಗೆದ್ರೆ ನಾನು ಉಳಿದಿರೋದು ಯಾತಕ್ಕೆ ಬರ್ನಿ, ಸೊಪ್ಪು ತಿನ್ನೋಕಾ?”

ಅವನು ಹಾಗೆ ಕೇಳಿದ್ದು ತಮಾಷೆಗಲ್ಲ. ಆಸ್ಪತ್ರೆಯಿಂದ ಬಂದಮೇಲೆ ಲೆನ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತೇ ಇರುತ್ತಿದ್ದ. ಎಲೆ ಗುಡಿಸಲು ಏಳುತ್ತಿರಲಿಲ್ಲ, ಗೆಳೆಯರ ಫೋನಿಗೂ ಏಳುತ್ತಿರಲಿಲ್ಲ. ಆ ಪಟ್ಟಿ ಬರೆಯಲು ಮಾತ್ರ ಎದ್ದಿದ್ದ. ಅದು ಬರ್ನಡೀನಳಿಗೆ ಗೊತ್ತಿತ್ತು. ಹೃದಯ ಉಳಿಸಲು ಹೋದರೆ ಮನುಷ್ಯ ಹೋಗುತ್ತಾನೆ, ಮನುಷ್ಯನನ್ನು ಉಳಿಸಲು ಹೋದರೆ ಹೃದಯ. ಎರಡು ರಾತ್ರಿ ನಿದ್ದೆಗೆಟ್ಟು ಅವಳು ಒಂದು ದಾರಿ ಹುಡುಕಿದಳು. ಮನುಷ್ಯ ಬೆಚ್ಚುವುದು ಗೊತ್ತಿಲ್ಲದೆ ಬಂದದ್ದಕ್ಕೆ ತಾನೇ? ಮೊದಲೇ ಹೇಳಿಬಿಟ್ಟರೆ? ತಾನು ಪಕ್ಕದಲ್ಲಿ ಕೂತು ಪ್ರತಿ ಗಂಡಾಂತರಕ್ಕೂ ಒಂದು ನಿಮಿಷ ಮುಂಚೆ ಎಚ್ಚರಿಸುವುದು. ಒಪ್ಪಿದರೆ ಪಟ್ಟಿ ಫ್ರಿಜ್ಜಿನ ಮೇಲೆ, ಇಲ್ಲದಿದ್ದರೆ ಒಲೆಯ ಒಳಗೆ. ಲೆನ್ ಗೊಣಗಿ ಒಪ್ಪಿದ. ಯಾವ ದೆವ್ವ ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಯಾರೋ ಬರೆದಿಟ್ಟಿರುತ್ತಾರೆ, ಅದನ್ನು ಇವಳು ನಕಲು ಮಾಡಿಕೊಂಡು ಬರುತ್ತಾಳೆ ಎಂದುಕೊಂಡ.

ನನ್ನ ಕೆಲಸ ಊರ ಗ್ರಂಥಾಲಯದಲ್ಲಿ ಗುಮಾಸ್ತಿಕೆ. ಮರುದಿನ ಬರ್ನಡೀನ್ ಬಂದು ಮೂವತ್ತೊಂದರ ಪಟ್ಟಿಯನ್ನು ನನ್ನ ಮುಂದಿಟ್ಟು, ಪ್ರತಿಯೊಂದೂ ಆಯಾ ದಿನ ಬೆಳಗ್ಗೆಯೇ ಬೇಕು, ನೋಡಲು ಒಂದು ಕೋಣೆಯೂ ಬೇಕು ಅಂದಳು. ಲೆನ್‌ಗೆ ಬೆಳಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಆಸ್ಪತ್ರೆಯಲ್ಲಿ ನಡಿಗೆಯ ಕ್ಲಾಸು. ಅಷ್ಟರೊಳಗೆ ಅವಳ ಕೆಲಸ ಆಗಬೇಕು. ಕಂಪ್ಯೂಟರಿನಲ್ಲಿ ಹುಡುಕಿ ಕೊಡಲೇ ಎಂದೆ.

“ಇನ್ಯಾರೋ ರುಚಿ ನೋಡಿದ್ದನ್ನ ನಾನು ಬಡಿಸೋದಾ, ಹನಿ?” ಅಂದಳು.

ಹೀಗೆ ನಮ್ಮ ಗಾಜಿನ ಗೋಡೆಯ ಪುಟ್ಟ ಕೋಣೆಯಲ್ಲಿ, ಹೊರಗೆ ಮೇಪಲ್ ಮರಗಳು ಕೆಂಪಗೆ ಉರಿಯುತ್ತಿರುವ ಹಾಡಹಗಲಲ್ಲಿ, ಭೂಮಿಯ ಮೇಲಿನ ಅತಿ ಪುಕ್ಕಲು ಹೆಂಗಸು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಚೀಲವನ್ನು ಎದೆಗವಚಿಕೊಂಡು ಕೂತಳು. ಕಿವಿ ಮುಚ್ಚಿದ್ದರಿಂದ ತಾನು ಕಿರುಚುವುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಮಗೆ ಗೊತ್ತಾಗುತ್ತಿತ್ತು. ಪತ್ರಿಕೆಯ ಮೇಜಿನಲ್ಲಿ ದಿನವಿಡೀ ಕೂರುವ ನಿವೃತ್ತ ಅಂಚೆಯಣ್ಣ ಒಂದು ದಿನ ಕನ್ನಡಕ ಇಳಿಸಿ, ಒಳಗೆ ಯಾರನ್ನು ಕೊಲ್ಲುತ್ತಿದ್ದೀರಿ ಎಂದು ಕೇಳಿದ. ಕೊಲ್ಲಾರ್ ಎಂದೆ. ಎರಡೂ ಭಾಷೆಯಲ್ಲಿ ಸತ್ಯವಾದ ಉತ್ತರ ಕೊಡುವ ಭಾಗ್ಯ ಗುಮಾಸ್ತರಿಗೆ ದಿನಾ ಸಿಗುವುದಿಲ್ಲ.

ನೋಡುತ್ತ ನೋಡುತ್ತ ಅವಳು ಶಾಲೆಯ ಹಳೆಯ ಮೆನು ಕಾರ್ಡುಗಳ ಹಿಂಬದಿಯಲ್ಲಿ ಅದೇ ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದಳು. ‘ನಿಮಿಷ ಹನ್ನೆರಡು: ಬೆಕ್ಕು. ತೊಂದರೆಯಿಲ್ಲ. ಮೂವತ್ತೊಂದು: ಕನ್ನಡಿಯಲ್ಲಿ ಮುದುಕಿ. ಐವತ್ತೆಂಟು: ಚಾಕು. ಹಿಡಿದ ರೀತಿ ತಪ್ಪು, ಅವನ ಬೆರಳೇ ಕುಯ್ಯುತ್ತೆ. ಎಪ್ಪತ್ತೇಳು: ಎಲ್ಲರೂ.’ ರಾಹುಕಾಲ, ಗುಳಿಕಕಾಲ ಎಲ್ಲ ಸೇರಿದ ದೆವ್ವದ ಪಂಚಾಂಗ ಅದು. ಭಾನುವಾರ ಗ್ರಂಥಾಲಯಕ್ಕೆ ರಜೆಯಾದ್ದರಿಂದ ಶನಿವಾರ ಚರ್ಚಿನ ಕೆಲಸವೆಂದು ಲೆನ್‌ಗೆ ಹೇಳಿ ಮಧ್ಯಾಹ್ನದವರೆಗೂ ಕೂತು ಎರಡೆರಡು ನೋಡಿ, ಗೋಡೆ ಹಿಡಿದುಕೊಂಡು ಹೊರಗೆ ಬರುತ್ತಿದ್ದಳು.

ಸಂಜೆ ನಾಲ್ಕಕ್ಕೆ ಕಾರ್ಡು ಹಿಡಿದು ಗಂಡನ ಪಕ್ಕ ಕೂರುವಳು. ಪರದೆಯತ್ತ ನೋಡುವಳಲ್ಲ, ಗಡಿಯಾರ, ಕಾರ್ಡು, ಗಂಡನ ಮುಖ, ಇಷ್ಟರಲ್ಲೇ ಅವಳ ಕಣ್ಣು ಸುತ್ತುತ್ತಿತ್ತು. ಲೆನ್ ಎಲೆ ಗುಡಿಸುವ ನೆಪದಲ್ಲಿ ರಸ್ತೆಯಂಚಿಗೆ ಬಂದು ನನ್ನ ಹತ್ತಿರ ಅಳಲು ತೋಡಿಕೊಳ್ಳುತ್ತಿದ್ದ. ಅವನು ಎದ್ದು ಎಲೆ ಗುಡಿಸುತ್ತಿದ್ದಾನಲ್ಲ ಎಂಬುದೇ ನನಗೆ ಸಮಾಧಾನ.

“ನಮ್ಮನೇಲಿ ದೆವ್ವಕ್ಕಿಂತ ಮುಂಚೆ ದೆವ್ವದ ಟೈಮ್‌ಟೇಬಲ್ ಬರುತ್ತೆ,” ಅಂದ ಒಂದು ದಿನ. “ಆ ಹುಡುಗಿ ಬಾಗ್ಲು ತೆಗೆಯೋಕೆ ಕೈ ಇಟ್ಟಿದಾಳೆ, ಇವಳು ನನ್ನ ಕಿವೀಲಿ ‘ಈಗ ಕೊಡಲಿ ಬರುತ್ತೆ, ನೀರು ಕುಡೀತೀಯಾ?’ ಅಂತಾಳೆ.”

ಇಪ್ಪತ್ತಮೂರು ದಿನ ಹೀಗೆ ಸಾಗಿತು. ಇಪ್ಪತ್ತನಾಲ್ಕನೆಯದು ಹಳೆಯ ಆಸ್ಪತ್ರೆಯೊಂದರ ಕಥೆ. ಆ ಬೆಳಗ್ಗೆ ಬರ್ನಡೀನ್ ಎಂದಿನಂತೆ ಕಿರುಚಲಿಲ್ಲ. ಗಾಜಿನಾಚೆ ಸುಮ್ಮನೆ, ನೆಟ್ಟಗೆ ಕೂತಿದ್ದಳು. ಹೊರಗೆ ಬಂದು, ಲೆನ್‌ನನ್ನು ಕರೆದುಕೊಂಡು ಬರಲು ಹೊತ್ತಾಯಿತು ಎಂದಷ್ಟೇ ಹೇಳಿ ಹೋದಳು.

ಸಂಜೆ ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಎದುರು ಮನೆಗೆ ಆಂಬುಲೆನ್ಸ್ ಬಂತು. ನಾನು ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿದೆ.

ಲೆನ್ ಸೋಫಾದ ಮೇಲೆ ಅಂಗಿ ಬಿಚ್ಚಿಕೊಂಡು ಕೂತಿದ್ದ, ಎದೆಗೆಲ್ಲ ಇಸಿಜಿ ಯಂತ್ರದ ತಂತಿ. ಟಿವಿಯ ಮೇಲೆ ಒಂದು ಬಿಳಿಚಿದ ಮುಖ ಬಾಯಿ ತೆರೆದುಕೊಂಡು ನಿಂತುಬಿಟ್ಟಿತ್ತು. ಯಂತ್ರ ನೋಡುತ್ತಿದ್ದವನು ಕೋಡಿ, ಆಂಬುಲೆನ್ಸನ್ನೂ ನೋಡಿಕೊಳ್ಳುವ ಅಗ್ನಿಶಾಮಕ ಠಾಣೆಯ ಹುಡುಗರಲ್ಲೊಬ್ಬ; ವಾಲ್‌ನಟ್ ತಿಂದರೆ ಊದಿಕೊಳ್ಳುತ್ತಿದ್ದ ಇವನಿಗಾಗಿಯೇ ಆ ಕರಿಹಲಗೆಯಲ್ಲಿ ಒಂದು ಸಾಲು ಕಾಯಮ್ಮಾಗಿ ಮೀಸಲಿತ್ತು. ಬರ್ನಡೀನ್ ನೆಲದ ಮೇಲೆ ಗಂಡನ ಕಾಲ ಬಳಿ ಕೂತಿದ್ದಳು. ನೆಲದ ತುಂಬ ಕಾಫಿ.

ಆದದ್ದಿಷ್ಟು. ನಾಲ್ಕೂ ನಲವತ್ತಕ್ಕೆ ಆ ಮುಖ ಎದ್ದಿತು. ಕಾರ್ಡಿನಲ್ಲಿ ಅದು ಇರಲೇ ಇಲ್ಲ. ಲೆನ್ ‘ಹಾ’ ಎಂದು ಅರ್ಧ ಎದ್ದು ಎದೆ ಹಿಡಿದುಕೊಂಡ. ಅವಳು ಮೊದಲು ಫೋನ್ ಮಾಡಿ ಆಮೇಲೆ ಅವನ ಮುಖ ನೋಡಿದಳು. ಯಂತ್ರದ ಕಾಗದವನ್ನು ಉದ್ದಕ್ಕೆ ಎಳೆದು ನೋಡಿದ ಕೋಡಿ, ಹೃದಯ ಸರಿಯಾಗಿದೆ, ಬರೇ ಬೆಚ್ಚಿದ್ದು ಅಂದ. ಆಮೇಲೆ ಬರ್ನಡೀನಳ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿ, ಮಿಸೆಸ್ ಕೊಲ್ಲಾರ್, ಆಂಬುಲೆನ್ಸು ಬೇಕಿದ್ದದ್ದು ನಿಮಗೆ ಅಂದ.

ಅವಳಿಗೆ ಅದು ಕೇಳಿಸಲಿಲ್ಲ. “ನಾನದನ್ನ ನೋಡ್ಲಿಲ್ಲ ಲೆನ್,” ಅಂದಳು. “ಕಣ್ಣು ಮುಚ್ಕೊಂಡ್ಬಿಟ್ಟೆ.”

“ಕಂಪ್ಯೂಟರಲ್ಲಿ ಬರೆದಿರ್ಲಿಲ್ವಾ?”

“ಯಾವ ಕಂಪ್ಯೂಟರು? ಬೆಳಗ್ಗೆ ಲೈಬ್ರರೀಲಿ ನೋಡುವಾಗ. ಸ್ಟ್ರೆಚರ್ ಮೇಲೆ ಒಬ್ಬನ್ನ ಮಲಗ್ಸಿ ಬಿಳೀ ಚಾದರ ಹೊದಿಸಿರ್ತಾರೆ. ಕಾಲು ಮಾತ್ರ ಕಾಣುತ್ತೆ. ಆಗಸ್ಟಲ್ಲಿ ನಿನ್ನನ್ನ ಒಳಗೆ ತಗೊಂಡು ಹೋದಾಗ ನಂಗೂ ಬರೀ ಕಾಲೇ ಕಾಣ್ತಿತ್ತು. ಮುಚ್ಕೊಂಡೆ. ಸದ್ದು ನಿಂತಮೇಲೆ ಬಿಟ್ಟೆ. ಹಿಂದಕ್ಕೆ ಹಾಕಿ ನೋಡ್ಬೇಕಿತ್ತು, ನೋಡ್ಲಿಲ್ಲ. ಇಪ್ಪತ್ತೆಂಟು ವರ್ಷ ರುಚಿ ನೋಡ್ದೆ ಒಂದು ತಟ್ಟೆ ಕಳ್ಸಿಲ್ಲ ನಾನು.”

ಲೆನ್ ಅವಳತ್ತ ಬಾಗಿದ. “ಎಲ್ಲಾನೂ ನೋಡಿದ್ಯಾ?” ಅಂದ. “ಒಬ್ಳೇ?”

ಅವಳು ತಲೆಯಾಡಿಸಿದಳು. ಅವನು ನನ್ನ ಕಡೆ ತಿರುಗಿದ, ನಾನೂ ಆಡಿಸಿದೆ. ಸೋಪಿನ ಜಾಹೀರಾತಿಗೆ ಬೆಚ್ಚುವ ಹೆಂಡತಿ ಕೊಡಲಿ, ಬಾವಿ, ಬೊಂಬೆ, ಕನ್ನಡಿಯ ಮುದುಕಿ ಎಲ್ಲವನ್ನೂ ತನಗಿಂತ ಮೊದಲೇ ಎದುರಿಸಿ ಬಂದು, ಸಂಜೆ ಏನೂ ಆಗದವಳಂತೆ ನೀರು ಬೇಕಾ ಎಂದು ಕೇಳುತ್ತಿದ್ದಳು. ಲೆನ್ ಕೈಚಾಚಿ ರಿಮೋಟ್ ತೆಗೆದುಕೊಂಡು, ಸಾಕು ಬರ್ನಿ, ಈ ವರ್ಷ ಇಲ್ಲಿಗೇ ಮುಗೀತು ಅಂದ.

ಬರ್ನಡೀನ್ ಎದ್ದು ನಿಂತಳು. ಊಟದ ಸಾಲಿನಲ್ಲಿ ತಳ್ಳಾಡುವ ಮಕ್ಕಳನ್ನು ನಿಲ್ಲಿಸುತ್ತಿದ್ದ ಆ ನಿಲುವು ಕೋಡಿಗೆ ಗೊತ್ತಿತ್ತು. ಅವನು ತನಗರಿವಿಲ್ಲದೆ ನೆಟ್ಟಗಾದ.

“ಮುಗೀತಾ? ಆ ಗಾಜಿನ ಪೆಟ್ಟಿಗೇಲಿ ದಿನಾ ಸತ್ತು ಸತ್ತು ಎದ್ದು ಬಂದಿದೀನಿ, ನೀನು ಅರ್ಧಕ್ಕೆ ಎದ್ದು ಹೋಗ್ಲಿ ಅಂತಾನಾ? ಇದ್ರಲ್ಲಿ ಉಳಿದದ್ದು ನಾನು ನೋಡಿದೀನಿ. ಅದ್ರಲ್ಲಿ ನಿಂಗೆ ಆಗಿಬರದ್ದು ಏನೂ ಇಲ್ಲ. ತಟ್ಟೆ ಖಾಲಿ ಮಾಡು.”

ಲೆನ್ ಕೋಡಿಯ ಮುಖ ನೋಡಿದ. ಯಂತ್ರವನ್ನು ಇನ್ನರ್ಧ ಗಂಟೆ ಬಿಟ್ಟಿರುವುದು ಒಳ್ಳೆಯದೇ ಅಂದ ಕೋಡಿ. ಅವನಿಗೂ ಕಥೆಯ ಕೊನೆ ಬೇಕಾಗಿತ್ತು. ತಂತಿ ಹಚ್ಚಿಕೊಂಡೇ ಲೆನ್ ಸಿನಿಮಾ ಮುಗಿಸಿದ. ಬರ್ನಡೀನ್ ಕಾಫಿ ಒರೆಸಿ ಅವನ ಪಕ್ಕ ಕೂತಳು.

ಮರುದಿನ ಲೆನ್ ತಾನೇ ವೈದ್ಯರಿಗೆ ಫೋನ್ ಮಾಡಿದ. ಕಾಗದ ತರಿಸಿಕೊಂಡು ನೋಡಿದ ಅವರು, ಯಾರೂ ಕೊಡಬಾರದಾಗಿದ್ದ ಪರೀಕ್ಷೆಯಲ್ಲಿ ನಿಮ್ಮ ಹೃದಯ ಪಾಸಾಗಿದೆ ಎಂದರಂತೆ. ಕಾರ್ಡುಗಳ ಕೆಲಸ ಅಲ್ಲಿಗೆ ನಿಂತಿತು, ನಮ್ಮ ಗಾಜಿನ ಕೋಣೆ ಖಾಲಿಯಾಯಿತು. ಅಂಚೆಯಣ್ಣ ಎರಡು ದಿನ ಏನೋ ಕಳೆದುಕೊಂಡವನಂತೆ ಪತ್ರಿಕೆ ಓದಿದ. ಆದರೆ ಬರ್ನಡೀನ್ ಅಡುಗೆಮನೆಗೆ, ರೇಡಿಯೋಗೆ ವಾಪಸಾಗಲಿಲ್ಲ. ಸಂಜೆ ನಾಲ್ಕಕ್ಕೆ ಸೋಫಾದ ಮೇಲೆಯೇ ಕೂರುತ್ತಿದ್ದಳು. ಉಳಿದ ಏಳೂ ಲೆನ್ ಹಿಂದೆ ನೋಡಿದ್ದವು. ಹೊತ್ತು ಬಂದಾಗ ಅವನು ಮೊಣಕೈಯಿಂದ ಮೆಲ್ಲಗೆ ತಿವಿಯುವುದು, ಅವಳು ಕಣ್ಣು ಮುಚ್ಚುವುದು. ಇನ್ನೊಮ್ಮೆ ತಿವಿದರೆ ತೆರೆಯುವುದು.

ಮೂವತ್ತೊಂದರ ಸಂಜೆ ಆರಕ್ಕೆ ಮಕ್ಕಳು ವೇಷ ಹಾಕಿಕೊಂಡು ಬೀದಿಗಿಳಿದರು. ನಾನು ನನ್ನ ಜಗಲಿಯಲ್ಲಿ ಚಾಕೊಲೇಟಿನ ಬುಟ್ಟಿ ಹಿಡಿದು ಕೂತಿದ್ದೆ. ಮೂರು ಮಾಟಗಾತಿಯರು, ಎರಡು ಅಸ್ಥಿಪಂಜರ, ಹಾಸಿಗೆ ಚಾದರ ಹೊದ್ದ ಒಂದು ಪುಟ್ಟ ದೆವ್ವ ಕೊಲ್ಲಾರ್ ಮನೆಯ ಮೆಟ್ಟಿಲು ಹತ್ತಿ ಬಾಗಿಲು ಬಡಿದು, ಹೆದರಿಸಲು ಬಾಯಿ ತೆರೆದವು. ಮೂವತ್ತು ವರ್ಷ ಆ ಬಾಗಿಲು ತೆಗೆಯುತ್ತಿದ್ದವಳು ಬರ್ನಡೀನ್. ಈ ಸಲ ಲೆನ್ ತೆಗೆದ. ಬರಿಗಾಲು, ಕೈಯಲ್ಲಿ ಬುಟ್ಟಿ, ತುಟಿಯ ಮೇಲೆ ಬೆರಳು.

“ಶ್,” ಅಂದ. “ಒಳಗೆ ನಿದ್ದೆ ಹೋಗಿದಾಳೆ. ಹಿಡಿ ತುಂಬ ತಗೊಳ್ಳಿ, ಮೆಲ್ಲಗೆ ಹೋಗಿ.”

ದೆವ್ವಗಳು ಬಾಯಿ ಮುಚ್ಚಿದವು. ಹಿಡಿ ತುಂಬ ತೆಗೆದುಕೊಂಡು, ತುದಿಗಾಲಿನಲ್ಲಿ ಒಂದರ ಹಿಂದೊಂದು ಮೆಟ್ಟಿಲಿಳಿದು ಹೋದವು.