ಗೇಟಿನ ಹೊರಗೆ ಇಬ್ಬರು ತಾಯಂದಿರು

ಕೊರೊನಾ ಕಾಲ ಮುಗಿದು ಶಾಲೆಗಳು ಪೂರ್ತಿಯಾಗಿ ತೆರೆದ ಮರುವರ್ಷ ನಾನು ರಾಯಚೂರು ನಗರದ ಒಂದು ಖಾಸಗಿ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಅದಕ್ಕೂ ಮೊದಲು ಮಾನ್ವಿಯಲ್ಲಿ, ದೇವದುರ್ಗದಲ್ಲಿ ಪಾಠ ಹೇಳಿದವಳು. ಮಕ್ಕಳ ಜಗಳ ಬಿಡಿಸುವುದು ನನಗೆ ಹೊಸದಲ್ಲ. ಆದರೆ ಆ ವರ್ಷ ನನ್ನ ನಿದ್ದೆ ಕೆಡಿಸಿದ್ದು ಗೇಟಿನ ಒಳಗಿನ ಮಕ್ಕಳಲ್ಲ, ಹೊರಗೆ ಕಾಯುತ್ತ ನಿಂತಿದ್ದ ಅವರ ತಾಯಂದಿರು.

ಶಾಲೆ ಬಿಟ್ಟ ಮೇಲೆ ಪ್ರತಿ ಮಗುವನ್ನೂ ಮನೆಯವರ ಕೈಗೆ ಒಪ್ಪಿಸುವ ಕೆಲಸಕ್ಕೆ ನಾವು ‘ಡಿಸ್ಪರ್ಸಲ್’ ಎನ್ನುತ್ತೇವೆ. ಹೊರಗಿನವರಿಗೆ ಅದು ಗಂಟೆ ಹೊಡೆದು ಗೇಟು ತೆಗೆಯುವಷ್ಟು ಸುಲಭವಾಗಿ ಕಾಣುತ್ತದೆ. ಶಾಲೆ ನಡೆಸುವವರಿಗೆ ದಿನದ ಅತ್ಯಂತ ಆತಂಕದ ಹೊತ್ತು ಅದೇ. ನಮ್ಮ ಗೇಟಿನ ಎದುರು ಒಂದೇ ಒಂದು ಬೇವಿನ ಮರವಿತ್ತು. ರಾಯಚೂರಿನ ಬಿಸಿಲಿನಲ್ಲಿ ಅದರ ಬುಡದಲ್ಲಿ ಯಾರು ನಿಲ್ಲಬೇಕು, ಅಂಚಿನಲ್ಲಿ ಯಾರು, ಸೆರಗು ಹೊದ್ದು ಬಿಸಿಲಲ್ಲೇ ಯಾರು ಎಂಬುದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು.

ಬುಡದ ಜಾಗ ವೈಜಯಂತಿಯವರದು. ಮಾನ್ವಿಯ ವೈಷ್ಣವ ಮನೆತನದ ಹೆಣ್ಣುಮಗಳು. ಗಂಡ ಕಾಲೇಜಿನಲ್ಲಿ ಅಧ್ಯಾಪಕ. ತಾವೂ ಎಂ.ಎಸ್‌ಸಿ. ಓದಿ, ಇದ್ದ ಕೆಲಸ ಬಿಟ್ಟು, ಮೂರನೇ ತರಗತಿಯ ಮಗಳು ಪ್ರಣತಿಯನ್ನು ಬೆಳೆಸುವುದನ್ನೇ ಕೆಲಸ ಮಾಡಿಕೊಂಡಿದ್ದರು. ಯಾವ ಟ್ಯೂಷನ್ ಒಳ್ಳೆಯದು, ಯಾವ ಟೀಚರು ನೋಟ್‌ಬುಕ್ ಸರಿಯಾಗಿ ತಿದ್ದುವುದಿಲ್ಲ ಎಂಬುದರಲ್ಲೆಲ್ಲ ಮರದ ಕೆಳಗಿನ ತಾಯಂದಿರಿಗೆ ಅವರ ಮಾತೇ ಕೊನೆಯ ಮಾತು.

ಆ ವರ್ಷ ಅದೇ ತರಗತಿಗೆ ಭೂಮಿಕಾ ಎಂಬ ಹುಡುಗಿ ಸೇರಿದಳು. ತಾಯಿ ಹುಲಿಗೆಮ್ಮ ಅರಕೇರಾದ ಕುರಿ ಸಾಕುವ ಮನೆಯ ಸೊಸೆ; ತವರು ದೇವದುರ್ಗ. ಗಂಡ ಬಸ್ ಕಂಡಕ್ಟರ್. ಒಬ್ಬಳೇ ಮಗಳು ಚೆನ್ನಾಗಿ ಓದಲಿ ಎಂದು ರಾಯಚೂರಿನಲ್ಲಿ ಬಾಡಿಗೆ ಮನೆ ಮಾಡಿದ್ದರು. ಹುಲಿಗೆಮ್ಮ ನೆರಳಿಗೆ ಬರಲು ಎಂದೂ ಪ್ರಯತ್ನಿಸಲಿಲ್ಲ. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು.

ಪ್ರಣತಿ, ಭೂಮಿಕಾ ಒಂದೇ ಬೆಂಚಿನ ಗೆಳತಿಯರಾದರು. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆ ಶುರುವಾದದ್ದು ಪ್ರಣತಿ ಗೇಟು ದಾಟಿದ ಕೂಡಲೇ ಅಮ್ಮನನ್ನು ಬಿಟ್ಟು ಹುಲಿಗೆಮ್ಮನವರ ಕಡೆಗೆ ಓಡತೊಡಗಿದಾಗ. ಅವರು ಅವಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು, ಸಡಿಲಾದ ಜಡೆ ಬಿಚ್ಚಿ, ನಿಧಾನವಾಗಿ ಮತ್ತೆ ಹೆಣೆಯುತ್ತಿದ್ದರು. ವೈಜಯಂತಿ ಮರದ ಬುಡದಲ್ಲಿ ಮಗಳ ನೀರಿನ ಬಾಟಲಿ ಹಿಡಿದು, ಅದರ ಮುಚ್ಚಳವನ್ನು ತಿರುವುತ್ತ ನಿಂತಿರುತ್ತಿದ್ದರು. ಜತೆಗಿದ್ದವರು ಒಮ್ಮೆ ಅವರ ಮುಖ, ಒಮ್ಮೆ ಆ ಕಟ್ಟೆ ನೋಡುತ್ತಿದ್ದರು.

ಕೆಲ ದಿನಗಳಲ್ಲೇ ವೈಜಯಂತಿ ನನ್ನ ಕೋಣೆಗೆ ಬಂದರು. ಮೊದಲು ಹೇನಿನ ದೂರು. ಮುಂದಿನ ವಾರ ಎಣ್ಣೆಯ ವಾಸನೆಯ ದೂರು. ಆಮೇಲೆ, ಆಕೆ ಮಗುವಿಗೆ ಏನೇನೋ ತಿನ್ನಿಸುತ್ತಾಳೆ ಎಂದರು. ನಾನು ಸಮಾಧಾನ ಹೇಳುತ್ತಿದ್ದಂತೆ ತಟ್ಟನೆ ಬೇರೆ ಮಾತು ಬಂತು.

“ಮುಂಜಾನಿ ಆ ಜಡಿ ನಾ ಹಾಕಿರ್ತೀನಿ ಮೇಡಂ. ಅದನ್ನ ಬಿಚ್ಚಿ ಮತ್ತ ಹಾಕೂದಂದ್ರ ಏನರ್ಥ? ನನಗ ಬರೂದಿಲ್ಲ ಅಂತನಾ?”

ಅವರು ಹೊತ್ತು ತಂದ ದೂರುಗಳಲ್ಲಿ ನಿಜವಾದದ್ದು ಅದೊಂದೇ ಎಂದು ನನಗೆ ಆಗ ಹೊಳೆಯಿತು. ಎರಡೂ ಕಡೆಯವರನ್ನು ಕೂಡಿಸಿ ಮಾತಾಡುತ್ತೇನೆ ಎಂದೆ. ಬೇಡವೆಂದು ಎದ್ದು ಹೋದರು. ಆ ತಿಂಗಳು ಪ್ರಣತಿಯ ಹುಟ್ಟುಹಬ್ಬಕ್ಕೆ ತರಗತಿಯ ಎಲ್ಲ ಹುಡುಗಿಯರಿಗೂ ಕರೆ ಹೋಯಿತು, ಭೂಮಿಕಾಳೊಬ್ಬಳಿಗೆ ಇಲ್ಲ. ಕೇಕ್ ಮುಂದೆ ನಿಂತ ಪ್ರಣತಿ ಎಲ್ಲರೆದುರು, “ಭೂಮಿಕಾನ ಅವ್ವ ಯಾಕ ಬಂದಿಲ್ಲ?” ಎಂದು ಕೇಳಿದಳಂತೆ. ಗೆಳತಿಯ ಬಗ್ಗೆಯಲ್ಲ, ಗೆಳತಿಯ ತಾಯಿಯ ಬಗ್ಗೆ ಕೇಳಿದ್ದಳು. ಮರದ ಕೆಳಗೆ ಆ ಮಾತು ವಾರವಿಡೀ ಓಡಾಡಿತು.

ಆ ಬೇಸಿಗೆಯ ಹೊತ್ತಿಗೆ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಎಲ್ಲರ ಮೊಬೈಲಿನಲ್ಲೂ ಹರಿದಾಡುತ್ತಿತ್ತು. ಅಂಥ ಒಂದು ಮಧ್ಯಾಹ್ನ ವೈಜಯಂತಿಯವರ ಸ್ಕೂಟಿ ಪಂಕ್ಚರ್ ಆಗಿ ಬರುವುದು ತಡವಾಯಿತು. ಮನೆಯವರು ಬಾರದಿದ್ದರೆ ಮಗುವನ್ನು ವರಾಂಡದಲ್ಲಿ ಕೂಡಿಸಿಕೊಳ್ಳಬೇಕೆಂಬುದು ನಮ್ಮ ನಿಯಮ. ಆದರೆ ಗೇಟಿನಲ್ಲಿದ್ದ ಶಿಕ್ಷಕಿ ಹುಲಿಗೆಮ್ಮನವರನ್ನು ದಿನವೂ ನೋಡುತ್ತಿದ್ದವರು. “ಅವರ ಅಮ್ಮಾರ ಕೈಯಾಗ ಕೊಡ್ತೀನ್ರಿ” ಎಂದು ಹುಲಿಗೆಮ್ಮ ಅಂದಾಗ ಕಳಿಸಿಬಿಟ್ಟರು. ಹುಲಿಗೆಮ್ಮ ಇಬ್ಬರು ಹುಡುಗಿಯರನ್ನೂ ಕರೆದುಕೊಂಡು ರಸ್ತೆಯ ತಿರುವಿನಲ್ಲಿದ್ದ ಕಬ್ಬಿನ ಹಾಲಿನ ಅಂಗಡಿಗೆ ಹೋದರು.

ಸ್ವಲ್ಪ ಹೊತ್ತಿನಲ್ಲಿ ನನ್ನ ಫೋನು ಸದ್ದು ಮಾಡಿತು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ವೈಜಯಂತಿ ಬರೆದಿದ್ದರು: ಹಸಿರು ಸೀರೆಯ ಒಬ್ಬ ಹೆಂಗಸು ನನ್ನ ಮಗಳನ್ನು ಗೇಟಿನಿಂದ ಕರೆದೊಯ್ದಿದ್ದಾಳೆ, ಕಂಡವರು ತಡೆಯಿರಿ. ನಾನು ಕಚೇರಿಯಿಂದ ಗೇಟಿಗೆ ಬರುವಷ್ಟರಲ್ಲಿ ಆ ಸಂದೇಶ ಆಟೋದವರ ಗುಂಪಿಗೂ ಹೋಗಿತ್ತು. ತಿರುವಿನ ಕಡೆಯಿಂದ ಗದ್ದಲ ಕೇಳಿಸಿತು. ಪಿ.ಟಿ. ಮಾಸ್ತರರನ್ನು ಕರೆದುಕೊಂಡು ಓಡಿದೆ.

ಅಂಗಡಿಯ ಮುಂದೆ ಜನ ಮುತ್ತಿದ್ದರು. ಹುಲಿಗೆಮ್ಮನವರ ಬಳೆ ಒಡೆದು ಮುಂಗೈಯಲ್ಲಿ ರಕ್ತ ಬಂದಿತ್ತು. ಕೆನ್ನೆಗೆ ಯಾರೋ ಹೊಡೆದಿದ್ದರು. ಪ್ರಣತಿ ಹೆದರಿ ಅವರ ಸೊಂಟವನ್ನು ಗಟ್ಟಿಯಾಗಿ ಅಪ್ಪಿಕೊಂಡಿದ್ದಳು.

“ಈ ಹುಡುಗಿ ನಿನ್ನ ಮಗಳೇನು? ಹೌದು, ಅಲ್ಲ, ಒಂದ ಮಾತು ಹೇಳು!” ಎಂದು ಒಬ್ಬ ಕೂಗಿದ.

“ಅಲ್ರಿ,” ಎಂದರು ಹುಲಿಗೆಮ್ಮ.

ಗುಂಪಿಗೆ ಅಷ್ಟು ಸಾಕಾಗಿತ್ತು. ನಾನು ನುಗ್ಗಿ ಅವರ ಮುಂದೆ ನಿಂತೆ. “ನಾ ಸಾಲಿ ಹೆಡ್‌ಮೇಡಂ. ಈಕಿ ನಮ್ಮ ಸಾಲಿ ಹುಡುಗಿಯ ತಾಯಿ. ಮೊದಲು ನನ್ನ ಮ್ಯಾಲ ಕೈ ಮಾಡ್ರಿ” ಎಂದು ಎಷ್ಟು ಜೋರಾಗಿ ಕಿರುಚಿದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ವೈಜಯಂತಿ ಬಂದರು. “ಇಕಿನೇನ್ರಿ ಅಕ್ಕಾರ?” ಎಂದು ಜನ ಅವರನ್ನೇ ಕೇಳಿದರು.

ವೈಜಯಂತಿ ಹುಲಿಗೆಮ್ಮನವರನ್ನು ಹಿಡಿದುಕೊಂಡಿದ್ದ ಮಗಳ ಕೈಗಳನ್ನೇ ನೋಡುತ್ತ ನಿಂತರು. ಆಗ ಅಂಗಡಿಯ ಗಾಣದ ಹಿಂದೆ ಅಡಗಿದ್ದ ಭೂಮಿಕಾ ಜನರ ಕಾಲುಗಳ ನಡುವೆ ನುಸುಳಿ ಬಂದು, “ಯವ್ವಾ! ನಮ್ಮವ್ವನ್ನ ಬಿಡ್ರಿ!” ಎಂದು ಚೀರಿದಳು. ಆ ಕೂಗಿಗೆ ಹಿಡಿದಿದ್ದ ಕೈಗಳು ಸಡಿಲಾದವು. ವೈಜಯಂತಿ ಆಮೇಲೆ ಸಣ್ಣ ದನಿಯಲ್ಲಿ, “ಪರಿಚಯದವರ. ಬಿಡ್ರಿ” ಎಂದರು. ಮಗಳನ್ನು ಕಿತ್ತುಕೊಂಡಂತೆ ಎಳೆದುಕೊಂಡು ಹೊರಟರು.

ಸುದ್ದಿ ತಿಳಿದು ಬಂದ ಪೊಲೀಸರು ದೂರು ಕೊಡುತ್ತೀರಾ ಎಂದು ಕೇಳಿದರು. ಹುಲಿಗೆಮ್ಮ ತಲೆಯಲ್ಲಾಡಿಸಿ ಒಲ್ಲೆನೆಂದರು. ಮರುದಿನ ಭೂಮಿಕಾ ಶಾಲೆಗೆ ಬರಲಿಲ್ಲ. ಆ ವಾರವೇ ಅವಳ ತಂದೆ ಬಂದು ಟಿ.ಸಿ. ಕೇಳಿದರು, ಮಗು ಶಾಲೆ ಬಿಡುವಾಗ ಕೊಡುವ ವರ್ಗಾವಣೆ ಪತ್ರವದು. “ದೇವದುರ್ಗಕ್ಕ ತವರಮನಿಗೆ ಹೋಗ್ಯಾಳ್ರಿ. ಇನ್ನ ಆ ಗೇಟಿಗೆ ಬರಾಂಗಿಲ್ಲ ಅಂತಾಳ,” ಎಂದರು. ಸ್ವಲ್ಪ ತಡೆಯಿರಿ ಎಂದು ಬೇಡಿಕೊಂಡೆ. ಗೇಟಿನಲ್ಲಿದ್ದ ಶಿಕ್ಷಕಿಗೆ ನೋಟಿಸು ಕೊಟ್ಟೆ. ನಂತರ ವೈಜಯಂತಿಯವರನ್ನು ಕರೆಸಿ, ಮಗಳು ಯಾರ ಜತೆ ಹೋದಳೆಂದು ನಿಮಗೆ ಗೊತ್ತಿರಲಿಲ್ಲವೇ ಎಂದು ನೇರವಾಗಿ ಕೇಳಿದೆ.

“ಗೊತ್ತಿತ್ತು ಮೇಡಂ,” ಎಂದರು. “ಗೇಟಿನಾಗ ಹೇಳಿದ್ರು. ಹುಲಿಗೆಮ್ಮ ಕರ್ಕೊಂಡು ಹೋಗ್ಯಾಳ ಅಂತ ಬರದಿದ್ರ ಯಾರೂ ಎದ್ದು ಓಡ್ತಿದ್ದಿಲ್ಲ. ಅದಕ್ಕ ಹೆಸರು ಬರೀಲಿಲ್ಲ.”

“ಆಕಿಗೆ ಜನ ಹೊಡೀಲಿ ಅಂತನಾ?”

“ಅಯ್ಯೋ, ಇಲ್ಲ. ಎಲ್ಲಾರ ಮುಂದ ನನ್ನ ಮಗಳನ್ನ ಆಕಿ ಕಡಿಂದ ಕಸಗೋಬೇಕು ಅನ್ನಿಸಿತ್ತು. ಕಸಗೊಂಡೆ. ಆವತ್ತಿಂದ ಪ್ರಣತಿ ನನ್ನ ಕೂಡ ಮಾತ ಬಿಟ್ಟಾಳ.” ಅಳು ಒತ್ತರಿಸಿ ಬಂತು. ನಾನು ಅಳಲು ಬಿಟ್ಟೆ. ಆಮೇಲೆ, ನನ್ನ ಜತೆ ದೇವದುರ್ಗಕ್ಕೆ ಬರಬೇಕು ಎಂದೆ.

ಭಾನುವಾರದ ಬಸ್ಸಿನಲ್ಲಿ ಹೋದೆವು. ತವರುಮನೆಯ ಅಂಗಳದಲ್ಲಿ ಹುಲಿಗೆಮ್ಮ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದರು. “ಬರ್ರಿ ಮೇಡಂರಿ” ಎಂದು ನನ್ನನ್ನು ಕರೆದು, ವೈಜಯಂತಿಯವರಿಗೂ ಅಷ್ಟೇ ಮರ್ಯಾದೆಯಿಂದ ಚಾಪೆ ಹಾಸಿದರು. ವೈಜಯಂತಿ ತಾವು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಅದಕ್ಕೆ ಹುಲಿಗೆಮ್ಮ ಹೇಳಿದ ಮಾತು ನಾನು ಎಣಿಸಿರದ್ದು.

“ತಪ್ಪು ಬರೇ ನಿಮ್ಮದಲ್ರಿ. ನನ್ನ ಮಗಳು ಮನ್ಯಾಗ ದಿನಾ ನಿಮ್ಮ ಸುದ್ದಿನ ಹೇಳ್ತಾಳ. ಪ್ರಣತಿ ಮಮ್ಮಿ ಹಿಂಗ ಮಾತಾಡ್ತಾರ, ನೀನೂ ಹಂಗ ಮಾತಾಡು ಅಂತಾಳ. ಗೇಟಿನ ಹತ್ರ ನನ್ನ ಯವ್ವಾ ಅಂತ ಕರ್ಯಾಕ ನಾಚ್ಕಿ ಆಕಿಗೆ. ನನಗ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ತಿತ್ತು. ನಿಮ್ಮ ಕೂಸು ನನ್ನ ಕಡಿ ಓಡಿ ಬಂದಾಗ ನಿಮ್ಮ ಮಾರಿ ನೋಡ್ತಿದ್ದೆ. ನೀವು ನೋಡ್ಲಿ ಅಂತನ ಜಡಿ ನಿಧಾನ ಹಾಕ್ತಿದ್ದೆ.”

“ಆವತ್ತು?” ವೈಜಯಂತಿ ಕೇಳಿದರು.

“ಆವತ್ತೂ ಅಷ್ಟರಿ. ನೀವು ಬಂದು ಒಂದೀಟು ಹುಡುಕಾಡ್ಲಿ ಅಂತ ಕರ್ಕೊಂಡು ಹೋದೆ.”

ವೈಜಯಂತಿ ಸಿಟ್ಟಿನಿಂದ ಎದ್ದು ನಿಂತರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಹೋಗಲಿಲ್ಲ. ಅಂಗಳದ ಆ ತುದಿಯವರೆಗೆ ನಡೆದು, ತಿರುಗಿ ಬಂದು ಮತ್ತೆ ಚಾಪೆಯ ಮೇಲೆ ಕೂತರು.

“ನನ್ನ ಮಗಳು ನಿಮ್ಮ ಹತ್ರ ಯಾಕ ಓಡಿ ಬರ್ತಿದ್ಲು?”

“ನೀವು ಸಾಲಿದು ಕೇಳ್ತೀರಂತ. ನಾ ಕೇಳಾಂಗಿಲ್ಲಂತ,” ಎಂದು ಹುಲಿಗೆಮ್ಮ ನಕ್ಕೇ ಬಿಟ್ಟರು. “ನನಗ ಓದಾಕ ಬಂದ್ರಲ್ಲೇನ್ರಿ ಕೇಳೂದು?”

ವೈಜಯಂತಿಗೂ ನಗು ಬಂತು, ಅದರ ಹಿಂದೆಯೇ ಕಣ್ಣೀರು. ವಾಟ್ಸಾಪ್ ಗುಂಪಿನಲ್ಲಿ ಕ್ಷಮೆ ಕೇಳಿ ಬರೆಯುತ್ತೇನೆ ಎಂದರು. ಹುಲಿಗೆಮ್ಮ ಒಪ್ಪಲಿಲ್ಲ. “ಬರದ್ರ ನನಗ ಓದಾಕ ಬರಾಂಗಿಲ್ಲ. ಎಲ್ಲಿ ನನ್ನ ಹಿಡದ್ರೋ ಅಲ್ಲಿ ನಿಂತು ಬಾಯಿಲೆ ಹೇಳ್ರಿ. ನನ್ನ ಮಗಳು ಕೇಳಬೇಕು.”

ಆ ವಾರ ಶಾಲೆ ಬಿಟ್ಟ ಹೊತ್ತಿನಲ್ಲಿ ವೈಜಯಂತಿ ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತು, ತಮ್ಮ ಗೆಳತಿಯರು, ಆಟೋದವರು, ಅಂಗಡಿಯವನು, ಇಬ್ಬರು ಹುಡುಗಿಯರು ಕೇಳುವಂತೆ ಹೇಳಿದರು: “ಇವರು ನನ್ನ ಮಗಳನ್ನ ಕದ್ದಿಲ್ಲ. ಯಾರು ಕರ್ಕೊಂಡು ಹೋಗ್ಯಾರ ಅಂತ ಗೊತ್ತಿದ್ದೂ ನಾನ ಹಂಗ ಬರದೆ. ಹೊಟ್ಟಿಕಿಚ್ಚಿಗೆ ಬರದೆ.” ಮಾತನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ. ಇಬ್ಬರು ಗೆಳತಿಯರು ಮುಖ ತಿರುಗಿಸಿ ಸ್ಕೂಟಿ ಏರಿದರು. ಹುಲಿಗೆಮ್ಮ, “ಆತ್ರಿ, ಬಿಡ್ರಿ” ಎಂದಷ್ಟೇ ಹೇಳಿದರು. ತಮ್ಮ ತಪ್ಪನ್ನು ಅವರು ಬೀದಿಯಲ್ಲಿ ಹೇಳಲಿಲ್ಲ. ಹೇಳಿ ಎಂದು ವೈಜಯಂತಿ ಕೇಳಲೂ ಇಲ್ಲ.

ಭೂಮಿಕಾಳ ತಂದೆ ಮತ್ತೆ ಟಿ.ಸಿ. ಕೇಳಲಿಲ್ಲ. ಇಬ್ಬರು ತಾಯಂದಿರು ಮುಂದೆ ಜೀವದ ಗೆಳತಿಯರಾದರು ಎಂದು ಬರೆದರೆ ಸುಳ್ಳಾಗುತ್ತದೆ. ಅವರ ನಡುವೆ ಒಂದು ಬಿಗುಮಾನ ಕೊನೆಯವರೆಗೂ ಉಳಿಯಿತು. ಆದರೆ ಹುಲಿಗೆಮ್ಮನವರಿಗೆ ಟೈಫಾಯಿಡ್ ಆದಾಗ ಭೂಮಿಕಾಳನ್ನು ಪರೀಕ್ಷೆಗೆ ಕರೆತಂದವರು ವೈಜಯಂತಿ. ಅವರು ತವರಿನ ಮದುವೆಗೆ ಮಾನ್ವಿಗೆ ಹೋದಾಗ ಪ್ರಣತಿ ಉಳಿದದ್ದು ಹುಲಿಗೆಮ್ಮನವರ ಮನೆಯಲ್ಲಿ.

ಈ ಪ್ರಕರಣದ ನಂತರ ನಾನು ಡಿಸ್ಪರ್ಸಲ್ ನಿಯಮ ಬಿಗಿ ಮಾಡಿದೆ. ಮಗುವನ್ನು ಬೇರೆ ಯಾರಾದರೂ ಕರೆದೊಯ್ಯುವುದಿದ್ದರೆ ಮನೆಗೆ ಫೋನು ಮಾಡಿ ಕೇಳಲೇಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಅದು ಶಾಲೆ ಕಲಿತ ಪಾಠ. ನಾನು ಕಲಿತದ್ದು ಬೇರೆ. ಇನ್ನೊಬ್ಬ ಪೋಷಕರ ಮೇಲೆ ದೂರು ಹೊತ್ತು ಯಾರೇ ಬರಲಿ, ಅವರೇನು ಮಾಡಿದರು ಎಂದು ಕೇಳುವುದಕ್ಕೆ ಮೊದಲು, “ನಿಮ್ಮ ಮಗು ಏನು ಮಾಡಿತು, ನಿಮಗ ಎಲ್ಲಿ ನೋವಾತು?” ಎಂದು ಕೇಳತೊಡಗಿದೆ. ನಿವೃತ್ತಿಯವರೆಗೂ ಹಾಗೆಯೇ ಕೇಳಿದೆ. ಎಷ್ಟೋ ಜನ ಹೇನು, ಎಣ್ಣೆ, ತಿಂಡಿಯ ಮಾತನ್ನು ಅಲ್ಲಿಗೇ ಬಿಟ್ಟು, ಕುರ್ಚಿ ಎಳೆದುಕೊಂಡು ಕೂತು, ನಿಜವಾದದ್ದನ್ನು ಹೇಳತೊಡಗುತ್ತಿದ್ದರು.